ಮಾಮಾ ಹುಟ್ಟಿದ ತಾರೀಖು

ಆ ಅರ್ಜಿ ಸವಣೂರಿನ ಟಪಾಲು ಡಬ್ಬಿಯ ತಳಕ್ಕೇ ಅಂಟಿಕೊಂಡು ಉಳಿಯಬಹುದಿತ್ತು. ಯಲವಿಗಿ ಸ್ಟೇಷನ್ನಿನಲ್ಲಿ ಚೀಲದ ಬಾಯಿ ಬಿಚ್ಚಿ, ನಮ್ಮ ಲಕೋಟೆಯೊಂದೇ ಹಳಿಗಳ ನಡುವೆ ಜಾರಬಹುದಿತ್ತು. ಮುಂಬಯಿಯ ಮಳೆಗೆ ಸಹಿ ಕದಡಿಹೋಗಬಹುದಿತ್ತು. ವಿಮಾನಕ್ಕೆ ಬೆಂಕಿ ಹತ್ತಬಹುದಿತ್ತು, ಜನರಿಗೆ ಏನೂ ಆಗದೆ ಕಾಗದಗಳಷ್ಟೇ ಸುಟ್ಟು. ಅದನ್ನು ಓದುವ ಗುಮಾಸ್ತನಿಗೆ ಅಂದು ಹಲ್ಲುನೋವಿರಬಹುದಿತ್ತು. ಪಾಸ್‌ಪೋರ್ಟಿನ ನಕಲು ಖರೆ ಎಂದು ಶಿಗ್ಗಾವಿಯ ದವಾಖಾನೆಯ ದೊಡ್ಡ ಡಾಕ್ಟರು ಒತ್ತಿದ ಮೊಹರು ತಲೆಕೆಳಗಾಗಿತ್ತು; ಜರ್ಮನಿಯವರು ಅದನ್ನು ಅಪಮಾನವೆಂದು ತಿಳಿಯಬಹುದಿತ್ತು. ನನ್ನ ಟೈಪ್‌ರೈಟರು ಸೊನ್ನೆ ಹೊಡೆದಲ್ಲೆಲ್ಲ ಕಾಗದಕ್ಕೆ ತೂತು ಹಾಕುತ್ತಿತ್ತು. ತೂತಿನ ಅರ್ಜಿ ನಡೆಯುವುದಿಲ್ಲ ಎನ್ನಬಹುದಿತ್ತು.

ಇವಿಷ್ಟನ್ನೂ ನಾನು ಮುಂಗಡವಾಗಿ ಚಿಂತಿಸಿ ಮುಗಿಸಿದ್ದೆ. ಆಗ ನನಗೆ ಮೂವತ್ತೂ ಆಗಿರಲಿಲ್ಲ. ಈಗ ಐವತ್ತರ ಹತ್ತಿರ ಬಂದು ನೋಡಿದರೆ, ಬೇರೆ ಯಾವ ಕೆಲಸವನ್ನೂ ನಾನು ಅಷ್ಟು ಶಿಸ್ತಿನಿಂದ ಮಾಡಿದ್ದು ಕಾಣುವುದಿಲ್ಲ.

ಅರ್ಜಿ ನನ್ನ ಅಕ್ಕನ ಗಂಡನದು. ಮಾಮಾ ಆಡೂರಿನವರು. ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ಲೇತ್ ಮಷಿನ್ ನಡೆಸಿ, ಎಪ್ಪತ್ತರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿಗೆ ಹೋದರು. ಅಕ್ಕ ಹಿರೇಕೆರೂರಿನ ಮನೆಯಲ್ಲಿ ಉಳಿದಳು. ಎಂಟು ವರ್ಷದ ಮೇಲೆ ಮಾಮಾ ಮರಳಿ ಬಂದರು, ಆದರೆ ಬಂದಂತಾಗಲಿಲ್ಲ.

ಅಲ್ಲಿ ಅವರ ಪಗಾರದಿಂದ ಪ್ರತಿ ತಿಂಗಳೂ ಮುಪ್ಪಿನ ಪಿಂಚಣಿಗೆಂದು ಒಂದು ಪಾಲು ಮುರಿದುಕೊಂಡಿದ್ದರು. ಆ ಪಿಂಚಣಿ ಸಿಗಬೇಕಾದರೆ ಹದಿನೈದು ವರ್ಷ ದುಡಿದಿರಬೇಕು. ಮಗ್ಗುಲ ಮಷಿನ್ನಿನ ತುರ್ಕಿಯವನಿಗೆ ಈ ತಾಪತ್ರಯ ಇರಲಿಲ್ಲ. ಅವನ ದೇಶಕ್ಕೂ ಜರ್ಮನಿಗೂ ಒಪ್ಪಂದವಿತ್ತು. ಅವನು ತನ್ನೂರಲ್ಲಿ ದುಡಿದ ವರ್ಷಗಳನ್ನೂ ಅಲ್ಲಿ ದುಡಿದ ವರ್ಷಗಳನ್ನೂ ಕೂಡಿಸಿ ಎಣಿಸುತ್ತಿದ್ದರು. ನಮ್ಮ ದೇಶದ ಜೊತೆ ಅಂಥ ಒಪ್ಪಂದ ಇರಲಿಲ್ಲ.

“ನನಗ ವೀಸಾ ಸಿಕ್ತು, ನನ್ನ ಹರಿಹರದ ವರ್ಷಕ್ಕ ಸಿಗಲಿಲ್ಲ ನೋಡಲೇ,” ಎನ್ನುತ್ತಿದ್ದರು ಮಾಮಾ. “ನಾ ವಿಮಾನ ಹತ್ತಿದೆ, ಅವು ಅಲ್ಲೇ ಉಳಿದ್ವು.”

ಇದ್ದ ದಾರಿ ಎರಡು. ಮತ್ತೆ ಹೋಗಿ ಇನ್ನೂ ಏಳು ವರ್ಷ ದುಡಿಯುವುದು; ಇಲ್ಲವೇ ನನ್ನ ಪಾಲು ನನಗೆ ಕೊಡಿ ಎಂದು ಅರ್ಜಿ ಹಾಕಿ, ಪಿಂಚಣಿಯ ಆಸೆ ಬಿಡುವುದು. ಅರ್ಜಿ ಹಾಕಲಿಕ್ಕೂ ಅಲ್ಲಿನ ಕೆಲಸ ಬಿಟ್ಟು ಎರಡು ವರ್ಷ ಕಳೆದಿರಬೇಕು. ನಡುವೆ ಹೋಗಿ ದುಡಿದರೆ ಎಣಿಕೆ ಮತ್ತೆ ಮೊದಲಿನಿಂದ.

ಆ ಎರಡು ವರ್ಷ ಮಾಮಾ ಒಂದು ಕಡೆ ಕುಳಿತದ್ದನ್ನು ನಾನು ಕಾಣೆ. ಕೆಲಸವಿಲ್ಲದಿದ್ದರೂ ಹಾನಗಲ್ಲಿಗೆ ಹೋಗಿಬಂದು, ಬಸ್ಸು ಇಂದು ಹನ್ನೊಂದು ನಿಮಿಷ ತಡ ಎಂದು ಮನೆಮಂದಿಗೆ ವರದಿ ಒಪ್ಪಿಸುತ್ತಿದ್ದರು. ಜರ್ಮನಿಯಿಂದ ತಂದ ಟ್ರಂಕು ಪಡಸಾಲೆಯಲ್ಲಿ ತುಂಬಿದ್ದು ತುಂಬಿದಂತೆಯೇ ಇತ್ತು: ಉಣ್ಣೆಯ ಕೋಟು, ಸ್ವೆಟರು, ದಪ್ಪ ಬೂಟು. ಅಕ್ಕ ಅದರ ಸುತ್ತ ಕಸ ಹೊಡೆಯುತ್ತಿದ್ದಳು, ಮುಟ್ಟುತ್ತಿರಲಿಲ್ಲ.

“ಒಳಗಿಂದು ತೆಗದು ಬ್ಯಾರೆ ಕಡೆ ಇಡ್ಲೇನ್ರಿ?”

“ಇರಲಿ ಬಿಡು. ಅರ್ಜಿಗೆ ಒಂದು ತಕರಾರು ಬಂತಂದ್ರ ಹೊಂಟೆ. ಅಲ್ಲಿ ಮೇಸ್ತ್ರಿ ನನ್ನ ಜಾಗಾ ಹಿಡಿದಿಟ್ಟಾನ.”

ಆ ಮೇಸ್ತ್ರಿ ನಿಜಕ್ಕೂ ಜಾಗ ಹಿಡಿದಿದ್ದನೋ, ಆ ದೇಶ ಇವರನ್ನು ಮತ್ತೆ ಒಳಗೆ ಬಿಡುತ್ತಿತ್ತೋ, ನಮಗಾರಿಗೂ ತಿಳಿಯದು. ಅಕ್ಕನಿಗೆ ಟ್ರಂಕು ಕಾಣುತ್ತಿತ್ತು, ಅಷ್ಟೇ ಸಾಕಾಗಿತ್ತು. ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದಳು.

“ತಮ್ಮಾ, ನೀ ಬರೆಯೂ ಅರ್ಜಿಯೊಳಗ ಒಂದು ಅಕ್ಷರ ಹೆಚ್ಚುಕಮ್ಮಿ ಆಗಬಾರ್ದು. ಆತಂದ್ರ ಇನ್ನೂ ಏಳು ವರ್ಷ ನಾ ಟಪಾಲಿನವನ ಮಾರಿ ನೋಡ್ಕೋಂತ ಕುಂದರಬೇಕು.”

ನನ್ನಂಥವನಿಗೆ ಇಂಥ ಮಾತು ಹೇಳಬಾರದು.

ಸವಣೂರಿನಲ್ಲಿ ನನ್ನದು ಟೈಪಿಂಗ್ ಅಂಗಡಿ. ಎರಡು ವರ್ಷ ತುಂಬಿದ ವಾರವೇ ಅರ್ಜಿಯ ನಮೂನೆಯನ್ನು ಮುಂದಿಟ್ಟುಕೊಂಡು ಕುಳಿತೆ. ಜೊತೆಗಿದ್ದ ಇಂಗ್ಲಿಷ್ ಹಾಳೆಯ ಕೊನೆಯಲ್ಲಿ, ಸುಳ್ಳು ಮಾಹಿತಿ ಕೊಟ್ಟವರಿಗೆ ಶಿಕ್ಷೆಯುಂಟು ಎಂದಿತ್ತು. ಅದನ್ನು ಎಷ್ಟು ಸಲ ಓದಿದೆನೋ. ಆಮೇಲೆ ‘ಹುಟ್ಟಿದ ತಾರೀಖು’ ಎಂಬಲ್ಲಿ ಬಂದು ಕೈ ನಿಂತಿತು.

ಮಾಮಾನ ಪಾಸ್‌ಪೋರ್ಟಿನಲ್ಲಿ ಜೂನ್ ಒಂದು ಎಂದಿತ್ತು. ನನ್ನದೂ ಜೂನ್ ಒಂದು. ಅಕ್ಕನದೂ ಅದೇ. ನಮ್ಮ ಕಡೆ ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಮಗುವಿನ ಎತ್ತರ ನೋಡಿ ವರ್ಷವನ್ನು ಅಂದಾಜು ಮಾಡಿ, ತಾರೀಖಿನ ಜಾಗದಲ್ಲಿ ಕಣ್ಣುಮುಚ್ಚಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಅರ್ಧ ತಾಲೂಕು ಅದೇ ದಿನ ಹುಟ್ಟಿದೆ. ಹಾಗಾದರೆ ಇದು ಸುಳ್ಳು ಮಾಹಿತಿಯಲ್ಲವೇ? ಎದ್ದವನೇ ಆಡೂರಿಗೆ ಹೋಗಿ ಮಾಮಾನ ತಾಯಿಯನ್ನು ಕೇಳಿದೆ.

“ಪಂಚಮಿ ಮರುದಿನ ಹುಟ್ಯಾನಪಾ,” ಎಂದರು ಅತ್ತಿ. “ಗಿಡಕ್ಕ ಕಟ್ಟಿದ ಜೋಕಾಲಿ ಇನ್ನೂ ಬಿಚ್ಚಿದ್ದಿಲ್ಲ. ಜೂನದಾಗ ಎಲ್ಲಿ ಪಂಚಮಿ ಬರ್ತೈತೋ ಹುಚ್ಚಾ?”

ಹಳೆಯ ಪಂಚಾಂಗ ಹುಡುಕಿಸಿ ಲೆಕ್ಕ ಹಾಕಿದಾಗ ಆಗಸ್ಟ್ ಒಂಬತ್ತು ಎಂದಾಯಿತು. ಅದನ್ನೇ ಹೊಡೆದೆ. ಮಾಮಾ ಓದದೆ ಸಹಿ ಹಾಕಿದರು.

ಐದು ತಿಂಗಳ ನಂತರ ನನ್ನ ಅಂಗಡಿಯ ವಿಳಾಸಕ್ಕೆ ಉತ್ತರ ಬಂತು, ಜರ್ಮನ್ ಭಾಷೆಯಲ್ಲಿ. ನನಗೆ ಅರ್ಥವಾದದ್ದು ಎರಡೇ: ಒಂದು ಜೂನ್, ಒಂದು ಆಗಸ್ಟ್. ಎರಡರ ಕೆಳಗೂ ಗೆರೆ ಎಳೆದಿದ್ದರು. ಅಂಗಡಿ ಮುಚ್ಚಿ ಹಿರೇಕೆರೂರಿಗೆ ಹೊರಟೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ, ಕಾಗದ ಬಂದೇ ಇಲ್ಲವೆಂದು ಹೇಳಿದರೆ ಹೇಗೆ ಎನ್ನಿಸಿ, ಎರಡು ಸಲ ಸವಣೂರಿನ ಬಸ್ಸಿನ ಬಾಗಿಲವರೆಗೆ ಹೋಗಿ ತಿರುಗಿ ಬಂದೆ.

ಮಾಮಾ ಕಾಗದವನ್ನು ಎರಡು ಸಲ ಓದಿದರು. ತಲೆಕೆಳಗಾದ ಮೊಹರಿನ ಬಗ್ಗೆ, ತೂತುಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ತಾರೀಖು ಸರಿಪಡಿಸಿ ಕಳಿಸಿದರೆ ಅವರ ಪಾಲು ಮಂಜೂರು ಎಂದಿತ್ತು.

“ಆಗಸ್ಟ್ ಒಂಬತ್ತಕ್ಕ ಹುಟ್ಟಿದಾಂವ ಯಾರಲೇ?”

“ನೀವರೀ ಮಾಮಾ. ಅತ್ತಿ ಹೇಳಿದ್ರು.”

“ಅವ್ವಗ ಏನ್ ಗೊತ್ತು? ಎಂಟು ವರ್ಷ ಜೂನ್ ಒಂದಕ್ಕ ಆ ಮಂದಿ ನನಗ ಕೇಕ್ ತಿನ್ನಿಸ್ಯಾರ!”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ತಕರಾರು ಬಂತೇನ್ರಿ?”

“ಬಂತು. ಸಾಲಿ ದಾಖಲೆ ಹಚ್ಚಿ, ಜೂನ್ ಒಂದಕ್ಕ ಹುಟ್ಟೇನಿ ಅಂತ ಪ್ರಮಾಣ ಮಾಡಿ ಕಳಸಬೇಕಂತ. ದಾಖಲೆ ಟ್ರಂಕಿನ ತಳದಾಗೈತಿ.”

ಅವರ ಮಾತು ಮುಗಿಯುವುದರೊಳಗೆ ಅಕ್ಕ ಟ್ರಂಕು ತೆರೆದಿದ್ದಳು. ಕೋಟು, ಸ್ವೆಟರು, ಬೂಟು ಎಲ್ಲ ನೆಲಕ್ಕೆ ಬಂದವು. ತಳದಲ್ಲಿ ಹಾಸಿದ್ದ ಕಾಗದದ ಕೆಳಗೆ ದಾಖಲೆ ಸಿಕ್ಕಿತು. ಮಾಮಾ, ನಾನು ಇಬ್ಬರೂ ಕೋರ್ಟಿನ ಹತ್ತಿರದ ವಕೀಲರಲ್ಲಿಗೆ ಹೋಗಿ ಪ್ರಮಾಣಪತ್ರಕ್ಕೆ ಹೇಳಿ, ಮರುದಿನ ಬನ್ನಿ ಎನ್ನಿಸಿಕೊಂಡು ಮರಳಿದೆವು. ಅಷ್ಟರಲ್ಲಿ ಟ್ರಂಕಿನ ತುಂಬ ಮನೆಮಂದಿ ಹೊದೆಯುವ ಕೌದಿಗಳಿದ್ದವು, ನಡುನಡುವೆ ಬೇವಿನ ಸೊಪ್ಪು. ಅಕ್ಕ ಮುಚ್ಚಳದ ಮೇಲೆ ಕುಳಿತು ಮೆಂತ್ಯೆ ಸೋಸುತ್ತಿದ್ದಳು.

“ನನ್ನ ಕೋಟು ಎಲ್ಲೈತಿ?”

“ಬಿಸಲಿಗೆ ಹಾಕೇನಿ. ತಕರಾರು ಬಂದ್ರ ಹೊಂಟೆ ಅಂದಿದ್ರಲ್ಲ, ಹೊಂಟ್ರೇನು?”

ಮಾಮಾ ಅಭ್ಯಾಸಬಲದಿಂದ ಗಡಿಯಾರ ನೋಡಿದರು. ನಂತರ ನನ್ನನ್ನು ನೋಡಿದರು.

“ಎಲ್ಲಿ ಹೋಗ್ಲಿ? ನಿನ್ನ ತಮ್ಮನಿಂದಾಗಿ ನಾ ನಾಳೆ ಇನ್ನೊಮ್ಮೆ ಹುಟ್ಟಬೇಕಾಗೈತಿ.”