ಹೊರಬೀಡಿನ ದಿನ ಊರಲ್ಲಿ ಉಳಿದ ಉಸಿರು

ನನ್ನ ಗಂಡನ ಊರು ಕಣಕಟ್ಟೆ ಕಡೆಯ ಒಂದು ಸಣ್ಣ ಹಳ್ಳಿ. ಅಲ್ಲಿ ಕೆಲವು ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮುಂಚಿನ ಒಂದು ಮಂಗಳವಾರ, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿಕೊಂಡು ಕೆರೆ ದಂಡೆಗೆ ಹೊರಟುಬಿಡುತ್ತದೆ. ಅದಕ್ಕೆ ಹೊರಬೀಡು ಎನ್ನುತ್ತಾರೆ. ಒಲೆಗೆ ನೀರು ಚಿಮುಕಿಸಿ, ಕರೆಂಟಿನ ಮೇನ್ ತೆಗೆದು, ದನ ಕುರಿ ಕೋಳಿ ನಾಯಿಗಳನ್ನೆಲ್ಲ ಹೊರಡಿಸಿಕೊಂಡು ಬೆಳಗ್ಗೆ ಊರು ಬಿಟ್ಟರೆ ದೀಪ ಹಚ್ಚುವ ಹೊತ್ತಿಗೇ ವಾಪಸು. ಅಲ್ಲಿಯವರೆಗೆ ಊರಬಾಗಿಲಿಗೆ ಜಾಲಿಮುಳ್ಳು ಅಡ್ಡ. ಊರಿಗೆ ಅಂಟಿಕೊಂಡ ಪೀಡೆ, ಯಾರೂ ಇಲ್ಲವಲ್ಲ ಎಂದು ಬೇಸತ್ತು ತಾನಾಗಿ ಎದ್ದು ಹೋಗಲಿ ಎನ್ನುವುದು ಲೆಕ್ಕಾಚಾರ. ನಾನು ಬೇಲೂರು ಪೇಟೆಯಲ್ಲಿ ಬೆಳೆದವಳು, ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ, ಮನೆ ಖಾಲಿ ಸಿಕ್ಕರೆ ಪೀಡೆ ಇನ್ನೂ ಆರಾಮಾಗಿ ಕಾಲು ಚಾಚಿ ಮಲಗುವುದಿಲ್ಲವೇ ಎಂದು ಗಂಡನನ್ನು ಕೆಣಕಿದ್ದೆ.

ಆದರೆ ಕೆರೆ ದಂಡೆಯ ಬಿಡಾರ ನನಗೆ ಇಷ್ಟವಾಗಿತ್ತು. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು ಮಾತ್ರ ಇಷ್ಟವಿರಲಿಲ್ಲ. ಕೆರೆಯ ಸುತ್ತ ಒಂದೊಂದು ಮನೆಗೆ ಒಂದೊಂದು ಮರ, ತಾತ ಮುತ್ತಾತನ ಕಾಲದಿಂದ ಬಂದದ್ದು. ನಮ್ಮದು ಹೊಂಗೆಮರ. ಪಕ್ಕದ ಮನೆಯವರ ಮರ ಎಷ್ಟು ದೂರವೆಂದರೆ ಅವರ ಒಲೆಯ ಹೊಗೆ ಕಾಣುತ್ತದೆ, ಜಗಳ ಕೇಳಿಸುವುದಿಲ್ಲ. ನಲ್ಲಿಯಿಲ್ಲ, ಕಕ್ಕಸಿಲ್ಲ, ನೆರಳಿಗೆ ಒಂದು ಟಾರ್ಪಾಲು. ಮೂರು ಕಲ್ಲಿಟ್ಟು ತೆಂಗಿನ ಮಟ್ಟೆ ಉರಿ ಹಾಕಿ ಅಡಿಗೆ. ಮಕ್ಕಳಂತೂ ಮರದಿಂದ ಮರಕ್ಕೆ ಅಲೆಯುತ್ತ ಯಾರದೋ ಮನೆಯ ಪುರಿ, ಇನ್ನಾರದೋ ಮನೆಯ ಪಾನಕದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಆ ದಿನ ಯಾರೂ ತಮ್ಮ ಮಕ್ಕಳೆಲ್ಲಿ ಎಂದು ಹುಡುಕುವುದಿಲ್ಲ.

ಅತ್ತೆ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಆ ವರ್ಷ ಹೊರಬೀಡಿನ ಹಿಂದಿನ ಸಂಜೆ ಎರಡನೇ ಕ್ಲಾಸಿನ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದರು: "ಉಸಿರಾಡೋದು ಒಂದೂ ಊರೊಳಗೆ ಉಳೀಬಾರ್ದು ಕಣಮ್ಮಿ. ಉಳಿದ್ರೆ ಊರಿಗೇ ಕೆಟ್ಟದ್ದು. ಬೀಗ ಹಾಕಿ ಹೊಂಟ ಮ್ಯಾಲೆ ಯಾರು ಕೂಗಿದ್ರೂ ತಿರುಗಿ ನೋಡಂಗಿಲ್ಲ. ಕೂಗೋದು ಅದೇಯ, ಪೀಡೆ." ಮಗಳು ಕಣ್ಣರಳಿಸಿ, "ಇರುವೆನೂ ಉಳೀಬಾರ್ದಾ?" ಎಂದು ಕೇಳಿದಳು. ಮಗುವಿನ ತಲೆಗೆ ಇದನ್ನೆಲ್ಲ ತುಂಬಬೇಡಿ ಎಂದು ನಾನು ಒಳಗಿನಿಂದಲೇ ಸಿಡುಕಿದೆ. ಅತ್ತೆ ಕೇಳಿಸದವರ ಹಾಗೆ ಅವಳ ಜಡೆ ಬಿಚ್ಚತೊಡಗಿದರು.

ಬೆಳಗ್ಗೆ ಪಾತ್ರೆ ಪಡಗ ಹೊತ್ತ ಟ್ರಾಕ್ಟರಿನ ಮೇಲೆ ಮೈದುನ, ಅವನ ಹೆಂಡತಿ ಮತ್ತು ನನ್ನ ಮಗಳು ಹತ್ತಿದರು. ನಾನು, ನನ್ನ ಗಂಡ ಕಾರಿನಲ್ಲಿ ಮುಂದೆ ಹೋದೆವು. ಒಲೆ ಆರಿಸಿ ಬೀಗ ಹಾಕಿ ಕೊನೆಗೆ ಹೊರಡುವುದು ಅತ್ತೆಯ ಹಕ್ಕು. ಅವರು ಹಸುಗಳ ಹಿಂದೆ ನಡೆದು ಬಂದರು.

ಅಡಿಗೆಯಾದ ಮೇಲೆ ಊಟಕ್ಕೆ ಮುಂಚೆ ನೀರಿನಂಚಿನಲ್ಲಿ ಗಂಗಮ್ಮನಿಗೆ ಒಂದು ಎಲೆ ಬಡಿಸುತ್ತಾರೆ. ಆಗ ಮನೆಯವರೆಲ್ಲ ಜೊತೆಗೆ ನಿಂತು ಕೈ ಮುಗಿಯಬೇಕು. ಬಿಸಿಲು ನೆತ್ತಿಗೆ ಬಂದಿತ್ತು. ಮಗಳನ್ನು ಕೂಗಿದೆ. ಪಕ್ಕದ ಮರದಲ್ಲಿರಬೇಕು ಎಂದರು. ಅಲ್ಲಿಗೆ ಹೋದರೆ ಅದರಾಚೆಯ ಮರದಲ್ಲಿರಬೇಕು ಎಂದರು. ಹುಣಸೆ, ಆಲ, ಬೇವು, ಹೀಗೆ ಒಂದೊಂದು ಮರದಡಿಯೂ ನಗುನಗುತ್ತಲೇ "ಇಲ್ಲಿ ಬಂದಿಲ್ವಲ್ಲಮ್ಮ" ಎಂದವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬೆಳಗಿನಿಂದ ಯಾರೂ ಅವಳನ್ನು ಕಂಡಿರಲಿಲ್ಲ.

ಅರ್ಧ ಕೆರೆ ಸುತ್ತುವ ಹೊತ್ತಿಗೆ ನಾನು ಮರಗಳ ಕಡೆ ನೋಡುವುದನ್ನು ಬಿಟ್ಟು ನೀರನ್ನೇ ನೋಡತೊಡಗಿದ್ದೆ. ಹಿಂದಿನ ವರ್ಷ ಕೋಡಿ ಬಿದ್ದ ಕೆರೆ, ಬೇಸಿಗೆಯಲ್ಲೂ ತೂಬಿನ ಹತ್ತಿರ ಆಳುದ್ದ ನೀರಿತ್ತು. ಗಂಡಸರು ಪಂಚೆ ಮೇಲಕ್ಕೆ ಕಟ್ಟಿಕೊಂಡು ಕೈ ಕೈ ಹಿಡಿದು ಸಾಲಾಗಿ ನೀರಿಗಿಳಿದರು. ನನ್ನ ಗಂಡ ಎಲ್ಲರಿಗಿಂತ ಮುಂದೆ, ತೂಬಿನ ಕಡೆಗೆ ಹೋಗುತ್ತಿದ್ದರು. ತಳವನ್ನು ಕಾಲಲ್ಲಿ ತಡಕಾಡುತ್ತಿದ್ದಾರೆ ಎಂದು ಗೊತ್ತಾದಾಗ ನಾನು ಮುಖ ತಿರುಗಿಸಿದೆ.

ಮೈದುನನ ಹೆಂಡತಿ ಅಳುತ್ತ ಓಡಿ ಬಂದಳು. "ಅಕ್ಕ, ಟ್ರಾಕ್ಟರು ನಮ್ಮ ಬೀದಿ ಕೊನೇಲಿ ದನ ದಾಟ್ಲಿ ಅಂತ ನಿಂತಿತ್ತಲ್ಲ, ಆಗ ಇಳಿದುಬಿಟ್ಲು. ಅಮ್ಮನ ಜೊತೆ ಕಾರಲ್ಲಿ ಬತ್ತೀನಿ ಅಂದ್ಲು. ನಿಮ್ಮ ಜೊತೇಲೇ ಅವ್ಳೆ ಅಂದ್ಕಂಡಿದ್ದೆ." ಆಗ ನಮ್ಮ ಕಾರು ಊರು ಬಿಟ್ಟು ಎಷ್ಟೋ ಹೊತ್ತಾಗಿತ್ತು.

ಅಂದರೆ ಅವಳು ಕೆರೆಗೆ ಬಂದೇ ಇಲ್ಲದಿರಬಹುದು. ಅಥವಾ ನಮ್ಮನ್ನು ಹುಡುಕಿಕೊಂಡು ಒಬ್ಬಳೇ ನಡೆದು ಬಂದು, ಯಾರ ಮರವೂ ಇಲ್ಲದ ತೂಬಿನ ಕಡೆ ಹೋಗಿರಬಹುದು. ನೋಡಬೇಕಾದ ಜಾಗ ಎರಡೇ. ಒಂದನ್ನು ಹುಡುಕುತ್ತಿದ್ದರು, ಇನ್ನೊಂದಕ್ಕೆ ಮುಳ್ಳು ಹಾಕಿದ್ದರು. ನಾನು ಊರಿನ ಕಡೆ ಓಡಿದೆ.

ಊರಬಾಗಿಲಲ್ಲಿ ಕಾವಲಿಗೆ ಕೂತಿದ್ದ ಊರಿನ ಯಜಮಾನರು ಎದ್ದು ನಿಂತರು. ಅವರಿಗೆ ಸುದ್ದಿ ಮುಟ್ಟಿತ್ತು. "ತಡ್ಕಳಮ್ಮ. ನೀರಲ್ಲಿ ನೋಡಿ ಮುಗಿಸಲಿ. ಊರೊಳಗೆ ಯಾರೂ ಇಲ್ಲ ಅಂತ ನಿಮ್ಮತ್ತೆನೇ ಬೀಗ ಹಾಕಿ ಬಂದವ್ರೆ. ಸುಮ್‌ಸುಮ್ನೆ ಒಳೀಕೆ ಹೋಗಿ ಕೂಸು ಸಿಕ್ದೆ ಇದ್ರೆ, ಊರೋರ ಕಷ್ಟವೆಲ್ಲ ನೀರುಪಾಲು."

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಮಗಳಿಗೆ ಪ್ರತಿ ಸಲವೂ ಎಳನೀರು ಕೆತ್ತಿಕೊಡುವವರು. ಆದರೂ ಆ ಗಳಿಗೆಯಲ್ಲಿ ಅವರ ಕೆನ್ನೆಗೆ ಬಾರಿಸಬೇಕೆನಿಸಿತು. "ನೀರಲ್ಲಿ ಸಿಕ್ಕಿದ ಮೇಲೆ ಊರೊಳಗೆ ಹೋಗಿ ನಾನೇನು ಮಾಡಲಿ? ನಿಮ್ಮ ಪೀಡೆಯ ಜೊತೆ ಸಂಸಾರ ಮಾಡಲಾ?" ಎಂದು ಕಿರುಚಿದೆ. ಕ್ಲಾಸಿನಲ್ಲೂ ಅಷ್ಟು ಜೋರಾಗಿ ಎಂದೂ ಕಿರುಚಿದವಳಲ್ಲ. ಮುಳ್ಳು ದಾಟಲು ಸೀರೆ ಎತ್ತಿಕೊಂಡಾಗ ನೆನಪಾಯಿತು, ಬೀಗದ ಕೈ ಅತ್ತೆಯ ಸೊಂಟದಲ್ಲಿದೆ.

ತಿರುಗಿದರೆ ಅತ್ತೆ ಅಲ್ಲೇ ಇದ್ದರು. ಮಗಳು ಕಾಣುತ್ತಿಲ್ಲ ಎಂದಾಗಿನಿಂದ ಒಲೆಯ ಮುಂದೆ ಒಂದು ಮಾತೂ ಆಡದೆ ಕುಳಿತಿದ್ದವರು. ಓಡಲಾಗದ ಆ ಕಾಲುಗಳಲ್ಲಿ ನನ್ನ ಹಿಂದೆಯೇ ಬಂದಿದ್ದರು. ಯಜಮಾನರ ಮುಖ ನೋಡದೆ ಬಗ್ಗಿ ಜಾಲಿಕೊಂಬೆಗೆ ಬರಿಗೈ ಹಾಕಿ ಎಳೆದರು. ಅಂಗೈಯಲ್ಲಿ ರಕ್ತ ಬಂತು. ಯಜಮಾನರು ಪಕ್ಕಕ್ಕೆ ಸರಿದರು.

ಖಾಲಿ ಊರನ್ನು ನಾನು ನೋಡಿದ್ದು ಅದೇ ಮೊದಲು. ನಾಯಿಯಿಲ್ಲ, ಕೋಳಿಯಿಲ್ಲ, ಟಿವಿಯ ಸದ್ದಿಲ್ಲ. ನಮ್ಮ ಚಪ್ಪಲಿ ಸದ್ದೇ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಮಗಳ ಹೆಸರು ಕೂಗುತ್ತ ಮುಂದೆ ಓಡುತ್ತಿದ್ದವಳಿಗೆ ಹಿಂದಿನಿಂದ ಅತ್ತೆಯ ಮಾತು ಕೇಳಿಸಿತು.

"ಬೀಗ ಹಾಕಿ ಹತ್ತೆಜ್ಜೆ ಬಂದಿದ್ದೆ ಕಣವ್ವ. ಹಿಂದ್ಲಿಂದ ಅಜ್ಜೀ ಅಂದಂಗಾತು."

ನಾನು ನಿಂತೆ.

"ಅದೇ ಇರಬೈದು, ಕೂಸಿನ ದನೀಲಿ ಕೂಗ್ತೈತೆ ಅಂತ ತಿರುಗಿ ನೋಡ್ಲಿಲ್ಲ. ಇನ್ನೊಂದ್ಸಲ ಕೂಗ್ತು. ಹೆಜ್ಜೆ ಜೋರು ಮಾಡ್ದೆ."

ಆಕೆಯನ್ನು ಅಲ್ಲೇ ಬಿಟ್ಟು ಓಡಬೇಕೆನಿಸಿತು, ಆದರೆ ಬೀಗದ ಕೈ ಅವರಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮಾತು ಕೇಳಿ ನನಗೆ ಹೊಟ್ಟೆಯೊಳಗೆ ಸಣ್ಣ ಸಂತೋಷವಾಗಿತ್ತು. ಹಾಗಾದರೆ ಅವಳು ನೀರಲ್ಲಿಲ್ಲ. ಅತ್ತೆಯ ತೋಳು ಹಿಡಿದು ಹೆಚ್ಚುಕಮ್ಮಿ ಎಳೆದುಕೊಂಡೇ ಹೋದೆ.

ಬಾಗಿಲು ಬಡಿದೆ. ಉತ್ತರವಿಲ್ಲ. ಅತ್ತೆಯ ಅಂಗೈಯ ರಕ್ತಕ್ಕೆ ಬೀಗದ ಕೈ ಜಾರುತ್ತಿತ್ತು. ನಾನೇ ಕಿತ್ತುಕೊಂಡು ತೆಗೆದೆ. ಒಳಗೆ ಕತ್ತಲು, ನೆನೆದ ಬೂದಿಯ ವಾಸನೆ. ನಡುಮನೆ, ಕೋಣೆ, ದೇವರ ಮನೆ, ಬಚ್ಚಲು, ಎಲ್ಲೂ ಇಲ್ಲ. ಕೊಟ್ಟಿಗೆಗೆ ಹೋಗುವ ಹಿತ್ತಲ ಬಾಗಿಲು ಅತ್ತೆ ಒಳಗಿನಿಂದ ಹಾಕಿದ ಹಾಗೆಯೇ ಅಗುಳಿ ಬಿಗಿದುಕೊಂಡಿತ್ತು. ಆಗ ಅತ್ತೆ ತಲೆ ಎತ್ತಿ ಅಟ್ಟದ ಕಡೆ ನೋಡಿದರು. ಏಣಿ ಹಾಕಿಯೇ ಇತ್ತು.

ನಮ್ಮ ಕಡೆ ಉಂಡೆ ಕೊಬ್ಬರಿಗೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಡುತ್ತಾರೆ. ಮೇಲೆ ಹೆಂಚು, ಆ ಹೊತ್ತಿನ ಬಿಸಿಲಿಗೆ ಅಲ್ಲಿ ಕಾದ ಬಾಣಲೆಯ ಧಗೆ. ಕಾಯಿ ರಾಶಿಯ ಸಂದಿನಲ್ಲಿ ನನ್ನ ಮಗಳು ಮುದುರಿ ಮಲಗಿದ್ದಳು. ಮುಖ ಕೆಂಪಗೆ, ಕೂದಲೆಲ್ಲ ಬೆವರಿಗೆ ಅಂಟಿತ್ತು. ಪಕ್ಕದಲ್ಲಿ ಮನೆಯ ಬೆಕ್ಕು, ಅದರ ಹೊಟ್ಟೆಗೆ ಕಚ್ಚಿಕೊಂಡ ಇನ್ನೂ ಕಣ್ಣು ಬಿಡದ ಮರಿಗಳು. ಎರಡು ಸಲ ಅಲುಗಾಡಿಸಿದರೂ ಅವಳು ಏಳಲಿಲ್ಲ. ಮೂರನೇ ಸಲಕ್ಕೆ ಕಣ್ಣು ತೆರೆದಳು. ನಾನು ಅವಳನ್ನು ಎದೆಗವುಚಿಕೊಂಡು ಏಣಿ ಇಳಿದದ್ದು ಹೇಗೋ ನೆನಪಿಲ್ಲ.

ಅತ್ತೆ ಹಜಾರದ ಮೂಲೆಯಲ್ಲಿದ್ದ ಎಳನೀರನ್ನು ಮಚ್ಚಿನಿಂದ ಕೊಚ್ಚಿ ಅವಳ ಬಾಯಿಗಿಟ್ಟರು. ಅರ್ಧ ಮೈಮೇಲೆ ಚೆಲ್ಲಿತು. ಕುಡಿದು ಸುಧಾರಿಸಿಕೊಂಡ ಮೇಲೆ ಒಂದೊಂದಾಗಿ ಹೊರಬಂತು. ಅಟ್ಟದಲ್ಲಿ ಬೆಕ್ಕು ಮರಿ ಹಾಕಿದ್ದು ಟ್ರಾಕ್ಟರಿನ ಮೇಲೆ ಅವಳಿಗೆ ನೆನಪಾಗಿತ್ತು. ಉಸಿರಾಡೋದು ಒಂದೂ ಉಳಿಯಬಾರದಲ್ಲ, ಅದಕ್ಕೇ ಅವನ್ನು ತರಲು ಕೊಟ್ಟಿಗೆ ಕಡೆಯಿಂದ ಬಂದಿದ್ದಳು. ಇಳಿಯುವಷ್ಟರಲ್ಲಿ ಬಾಗಿಲು ಹಾಕಿತ್ತು. ಅಜ್ಜಿಯನ್ನು ಎರಡು ಸಲ ಕೂಗಿದಳು. ಹಿತ್ತಲ ಅಗುಳಿಗೆ ಕೈ ಎಟುಕಲಿಲ್ಲ. ಮತ್ತೆ ಮರಿಗಳ ಹತ್ತಿರವೇ ಅಟ್ಟ ಹತ್ತಿದಳು.

"ಆಮೇಲೆ ನಾನು ಉಸಿರು ಬಿಗಿ ಹಿಡ್ಕೊಂಡೆ ಅಜ್ಜಿ," ಎಂದಳು. "ಊರಿಗೆ ಕೆಟ್ಟದಾಗ್ಬಾರ್ದು ಅಂತ. ತುಂಬ ಹೊತ್ತು ಹಿಡ್ಕೊಂಡಿದ್ದೆ. ಆಮೇಲೆ ಆಗ್ಲಿಲ್ಲ."

ಅತ್ತೆ ಮಚ್ಚನ್ನು ಕೆಳಗಿಟ್ಟು ನೆಲದ ಮೇಲೆ ಕುಳಿತುಬಿಟ್ಟರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಮಕ್ಕಳ ಹಾಗೆ ಅತ್ತರು. ಗಂಡನ ಫೋನಿಗೆ ಹಚ್ಚಿದೆ. ದಂಡೆಯ ಮೇಲೆ ಬಿಟ್ಟುಹೋಗಿದ್ದ ಅದನ್ನು ಮೈದುನನ ಹೆಂಡತಿ ಎತ್ತಿದಳು. "ಸಿಕ್ಕಿದಳು" ಎಂದೆ. ಆಕೆ "ಸಿಕ್ಕುದ್ಲು, ಮೇಲಕ್ಕೆ ಬನ್ರೋ" ಎಂದು ಕೂಗಿದ್ದು ಫೋನಿಲ್ಲದೆಯೂ ಕೇಳಿಸುವಂತಿತ್ತು.

ಹೊರಡುವಾಗ ಮಗಳು ಬೆಕ್ಕನ್ನು ತರದೆ ಬರುವುದಿಲ್ಲ ಎಂದು ಹಟ ಹಿಡಿದಳು. ನಾನು ಅಟ್ಟ ಹತ್ತಿ ಕೈ ಹಾಕಿದರೆ ಅದು ಗುರ್ರೆಂದು ಮೊಣಕೈವರೆಗೆ ಪರಚಿತು. ಏಣಿಯ ಕೆಳಗೆ ನಿಂತಿದ್ದ ಅತ್ತೆ, "ಇಳ್ದು ಬಾರವ್ವ. ಬಾಣಂತಿ ಅದು, ಅಲುಗಿಸ್ಬ್ಯಾಡ. ಮನೇಲೇ ಇರ್ಲಿ," ಎಂದರು. ಆಮೇಲೆ ಒಲೆಯ ಪಕ್ಕದ ಸಣ್ಣ ಕಿಟಕಿಯನ್ನು ಅವರೇ ತೆರೆದಿಟ್ಟರು. ಈ ಸಲ ಬೀಗ ಹಾಕಿದ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ತಿರುಗಿ ನೋಡುತ್ತ ಬಂದರು.

ಊರಬಾಗಿಲಲ್ಲಿ ಜನ ಸೇರಿತ್ತು. ನನ್ನ ಗಂಡ ಕೆಸರು ಮೆತ್ತಿದ ಪಂಚೆಯಲ್ಲೇ ಓಡಿ ಬಂದು ಮಗಳನ್ನು ನನ್ನ ಜೊತೆಯೇ ಸೇರಿಸಿ ಅಪ್ಪಿಕೊಂಡರು. ಒಂದಷ್ಟು ಹೊತ್ತು ಎಲ್ಲರೂ ಮಗುವಿನ ತಲೆ ಸವರಿದರು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಗೊಣಗಲು ಶುರುಮಾಡಿದರು, ಹೊರಬೀಡು ಕೆಟ್ಟಿತು, ಬರುವ ಮಂಗಳವಾರ ಮತ್ತೆ ಮಾಡಬೇಕು ಎಂದು. ಯಜಮಾನರು ಅತ್ತೆಯ ಮುಖ ನೋಡಿದರು.

"ಕೆಟ್ಟಿದ್ದು ಬೆಳಗ್ಗೆ," ಎಂದರು ಅತ್ತೆ. ಅವರ ದನಿ ಗಟ್ಟಿಯಾಗಿತ್ತು. "ಒಳಗೆ ಕೂಸು ಉಸಿರಾಡ್ತಿತ್ತು, ನಾನು ಬೀಗ ಹಾಕಿ ಬಂದೆ. ನಾವು ಹೋಗ್ದೆ ಇದ್ದಿದ್ರೆ ಕೆಟ್ಟೇ ಹೋಗ್ತಿತ್ತು. ಈಗ ಸರಿ ಆತು. ಊರೊಳಗೆ ಇನ್ನ ಒಂದು ಉಸಿರೂ ಇಲ್ಲ. ಹಾಕಿ ಮುಳ್ಳ."

ಯಜಮಾನರು ಸ್ವಲ್ಪ ಯೋಚಿಸಿ, ಸರಿ ಎಂದು ಕೊಂಬೆಯನ್ನು ಅಡ್ಡ ಎಳೆದರು. ಅತ್ತೆ ಕೆರೆಯ ಕಡೆ ಮುಖ ಮಾಡಿ ನಡೆಯತೊಡಗಿದರು.

ಹೆಗಲ ಮೇಲಿದ್ದ ಮಗಳು ನನ್ನ ಕಿವಿಗೆ ಬಾಯಿ ತಂದಳು. "ಅಮ್ಮ, ಅಜ್ಜಿ ಸುಳ್ಳು ಹೇಳಿದ್ರು."

"ಬಾಯಿ ಮುಚ್ಚಿಕೊಂಡು ಉಸಿರಾಡು," ಎಂದೆ.