ಬೇವಿನ ಗಿಡದಿಂದ ಅರವತ್ತು ಹೆಜ್ಜೆ

ಮನುಷ್ಯನನ್ನು ಅವನು ಆಡಿದ ಮಾತಿನಿಂದ ಅಳೆಯಬಾರದು, ನಡೆದ ದೂರದಿಂದ ಅಳೆಯಬೇಕು ಎಂದು ಹಿರಿಯರು ಹೇಳುತ್ತಾರೆ. ಹಿರಿಯರಿಗೇನು, ಕಟ್ಟೆಯ ಮೇಲೆ ಕುಳಿತೇ ಹೇಳುತ್ತಾರೆ. ನಾನೂ ಒಮ್ಮೆ ಕಟ್ಟೆಯ ಮೇಲೆಯೇ ಕುಳಿತಿದ್ದೆ — ಕುಳಿತಲ್ಲಿಂದಲೇ ಒಬ್ಬ ಹೆಂಗಸಿನ ಬಗ್ಗೆ ಸುಳ್ಳು ಪಂಚನಾಮೆ ಬರೆದೆ. ಸರಕಾರ ಅವಳಿಗೆ ಕೊಡಬೇಕೆಂದಿದ್ದ ಚರ್ಮ ಹೊಲಿಯುವ ಯಂತ್ರ ಅದರಿಂದ ತಪ್ಪಿತು. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಹೋದ ತಿಂಗಳ ತನಕ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳದೆ ಇರುವುದಕ್ಕೂ ಒಂದು ಅಭ್ಯಾಸ ಬೇಕು. ನನಗೆ ಅದು ಚೆನ್ನಾಗಿ ಕೂಡಿಬಂತು.

ನಾವು ಇನ್ನೂ ಮುಂಬೈ ಸರಕಾರದ ಕೆಳಗಿದ್ದ ಕಾಲ. ರೋಣ ತಾಲೂಕಿನಲ್ಲಿ ನಾನು ತಲಾಠಿ — ಹಳ್ಳಿಯ ಹೊಲ, ಬೆಳೆ, ಹುಟ್ಟು, ಸಾವು ಎಲ್ಲವನ್ನೂ ಕಾಗದಕ್ಕೆ ಏರಿಸುವವ. ನಮ್ಮ ಮನೆತನಕ್ಕೆ ಕುಲಕರ್ಣಿಕೆ ಇತ್ತು. ಕಾಯಿದೆ ಬಂದು ಅದು ಹೋಯಿತು. ಸರಕಾರ ದೊಡ್ಡ ಮನಸ್ಸು ಮಾಡಿ ಅದೇ ಮೇಜಿನ ಹಿಂದೆ ನನ್ನನ್ನು ಪಗಾರದ ಮೇಲೆ ಕೂರಿಸಿತು. ಮಸಿ ಬದಲಾಯಿತು, ಕೈ ಬದಲಾಗಲಿಲ್ಲ. ಊರಿನ ಹೆಸರು ಹೇಳುವುದಿಲ್ಲ. ಗಜೇಂದ್ರಗಡದ ಗುಡ್ಡ ಕಾಣುವಷ್ಟು ಹತ್ತಿರ, ಪುರ್ತಗೇರಿಯಿಂದ ಎರಡು ಮೈಲು — ಇಷ್ಟು ಹೇಳಿದರೆ ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತದೆ.

ಆ ವರ್ಷ ಒಂದು ಹುಕುಂ ಬಂತು. ಹಿಂದುಳಿದವರೂ ಹರಿಜನರೂ ಆದ ಕಸಬುದಾರರು ಸ್ವಂತ ಅಂಗಡಿ ಇಡುವುದಾದರೆ ಸರಕಾರ ಯಂತ್ರ, ಉಳಿ-ಸುತ್ತಿಗೆಯಂಥ ಹತ್ಯಾರ ಕೊಡುತ್ತದೆ. ಅರ್ಜಿದಾರ ಆ ಕಸಬನ್ನು ಖುದ್ದು ಮಾಡುತ್ತಿರುವುದನ್ನು ಇಬ್ಬರು ಪಂಚರ ಸಮಕ್ಷಮ ನೋಡಿ ತಲಾಠಿ ಪಂಚನಾಮೆ ಕಳಿಸಬೇಕು. ನಮ್ಮ ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿ ಬಂದದ್ದು ಒಂದೇ ಯಂತ್ರ.

ಎಲ್ಲರಿಗಿಂತ ಮೊದಲು ಚಾವಡಿಗೆ ಬಂದವಳು ಗಾಳೆವ್ವ, ಸಮಗಾರ ಓಣಿಯವಳು. ಗಂಡ ತೀರಿ ನಾಲ್ಕು ವರ್ಷವಾಗಿತ್ತು. ಅವನಿದ್ದಾಗಲೂ ಜೋಡು ಹೊಲಿಯುತ್ತಿದ್ದವಳು ಇವಳೇ. ಅವನು ಸಂತೆಗೆ ಒಯ್ದು ಮಾರುತ್ತಿದ್ದ. ಅವನು ಹೋದ ಮೇಲೆ ಹೊಲಿಯುವುದೂ ಮಾರುವುದೂ ಇವಳ ಪಾಲಿಗೆ ಬಂತು. ಅವಳು ಹೊಲಿದ ಜೋಡಿಗೆ ಒಂದು ಗುಣವಿತ್ತು — ನಡೆದರೆ ಜೀರ್ ಜೀರ್ ಎಂದು ಸಪ್ಪಳ. ನಮ್ಮ ಕಡೆ ಗಂಡಸರಿಗೆ ಆ ಸಪ್ಪಳವೆಂದರೆ ಪ್ರಾಣ. ಸಪ್ಪಳವಿಲ್ಲದ ಜೋಡು ಹಾಕಿಕೊಂಡವನನ್ನು ಜನ ಕಳ್ಳನೋ ಬಡವನೋ ಎಂದು ಅನುಮಾನಿಸುತ್ತಿದ್ದರು. ಎರಡು ಅಟ್ಟೆಗಳ ನಡುವೆ ಅವಳೇನು ಇಡುತ್ತಿದ್ದಳೋ, ಬೇರೆ ಯಾರ ಜೋಡಿಗೂ ಆ ದನಿ ಬರುತ್ತಿರಲಿಲ್ಲ.

ಅರ್ಜಿಯನ್ನು ನಾನೇ ತುಂಬುತ್ತಿದ್ದೆ. ಅವಳು ಚಾವಡಿಯ ಮೆಟ್ಟಿಲ ಕೆಳಗೆ ನಿಂತಿದ್ದಳು.

"ಕಸಬು ಏನಂತ ಬರೀಲಿ?" ಎಂದೆ, ಗಂಭೀರವಾಗಿ.

"ನಿಮ್ಮ ಕಾಲಾಗ ಐತೆಲ್ರಿ. ಅದನ್ನ ಬರೀರಿ."

ಖರೆ, ನನ್ನ ಕಾಲಲ್ಲಿ ಇದ್ದದ್ದು ಅವಳದೇ ಜೋಡು. ಅಳತೆ ಕೊಟ್ಟದ್ದೂ ನೆನಪಿದೆ. ನಮ್ಮಂಥವರ ಕಾಲನ್ನು ಅವಳು ಮುಟ್ಟುವಂತಿರಲಿಲ್ಲ. ನೆಲದ ಮೇಲೆ ಬೂದಿ ಹರಡಿ, "ಕಾಲಿಡ್ರಿ" ಎಂದು ದೂರ ನಿಂತಿದ್ದಳು. ನಾನು ಕಾಲಿಟ್ಟು ಸರಿದ ಮೇಲೆ ಬಂದು ಕಡ್ಡಿಯಿಂದ ಆ ಗುರುತನ್ನು ಅಳೆದುಕೊಂಡಳು. ಜೋಡು ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಆಗಿರಲಿಲ್ಲ.

"ಅಂಗಡಿ ಎಲ್ಲಿ ಇಡ್ತಿ?"

"ಗಜೇಂದ್ರಗಡದ ಪ್ಯಾಟ್ಯಾಗ್ರಿ. ಹುಸೇನಸಾಬ್ರ ಅಣ್ಣಂದು ಒಂದು ಖೋಲಿ ಐತಿ. ಮಷೀನ ಬಂದ್ರ ಕೊಡ್ತೇನಂತ ಹೇಳ್ಯಾರ. ಸಂತ್ಯಾಗ ಚೀಲಾ ಹಾಸ್ಕೊಂಡು ಕುಂತು ಸಾಕಾತ್ರಿ. ಬಾಗಲಾ ಇರೋ ಅಂಗಡಿ ಬೇಕು. ಮುಂಜಾನಿ ತಗದು ಸಂಜಿಗೆ ನಾನ ಹಾಕೂ ಬಾಗಲಾ."

ಬಾಗಿಲಿನ ಮಾತು ಬರೆಯಲು ಅರ್ಜಿಯಲ್ಲಿ ಕಾಲಮು ಇರಲಿಲ್ಲ. ಬಿಟ್ಟೆ.

ಪಂಚನಾಮೆಗೆ ನಾವು ಹೊರಟದ್ದು ಬೇಸಿಗೆಯ ಒಂದು ಮಧ್ಯಾಹ್ನ. ಪಂಚರು ಇಬ್ಬರು. ಒಬ್ಬ ಚನ್ನಪ್ಪ ಸಾವಕಾರ — ಊರಲ್ಲಿ ಹೊಲ, ನರಗುಂದದಲ್ಲಿ ಅಳಿಯ ನಡೆಸುವ ಕಾಳಿನ ಅಂಗಡಿ. ಇನ್ನೊಬ್ಬ ಹುಸೇನಸಾಬ, ಗಾದಿ ಹೊಲಿಯುವ ಪಿಂಜಾರ. ಚನ್ನಪ್ಪನ ಎರಡು ಎಕರೆ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಸಮಗಾರ ಓಣಿಯ ಬಾಯಿಗೆ ಒಂದು ಬೇವಿನ ಗಿಡ, ಅದಕ್ಕೊಂದು ಕಟ್ಟೆ. ಅಲ್ಲಿಯವರೆಗೆ ಮೂವರೂ ನಡೆದೆವು. ನನ್ನ ಜೋಡು ದಾರಿಯುದ್ದಕ್ಕೂ ಸರಕಾರದ ಆಗಮನವನ್ನು ಸಾರುತ್ತಿತ್ತು. ಕಟ್ಟೆ ಬಂತು. ನೆರಳಿತ್ತು. ಕುಳಿತೆವು.

"ಬರ್ರಿ, ಇಲ್ಲೇ ಐತಿ ಮನಿ," ಎಂದ ಹುಸೇನಸಾಬ, ಕುಳಿತವನು ಮತ್ತೆ ಎದ್ದು. "ಹೋಗಿ ನೋಡಿ ಬಂದ್ರ ಆತು."

"ಸಾಬ್ರಿಗೆ ನಡ್ಯಾಕ ಹುರುಪು ನೋಡ್ರಿ," ಎಂದ ಚನ್ನಪ್ಪ. "ಅಣ್ಣನ ಖೋಲಿ ಖಾಲಿ ಬಿದ್ದೈತಿ."

"ಖೋಲಿ ಖಾಲಿ ಇದ್ರ ಏನಾತ್ರಿ, ಕಣ್ಣ ಖಾಲಿ ಇಲ್ಲಲ್ಲ. ನೋಡೂಣು ಬರ್ರಿ."

"ರಾಯರು ಓಣಿ ಒಳಗ ಹ್ವಾದ್ರ ಮನಿಗೆ ಹೋಗಿ ಜಳಕಾ ಮಾಡಬೇಕು. ಬಾವ್ಯಾಗ ನೀರು ತಳಾ ಕಂಡಾವ. ನೀ ಸೇದಿ ಕೊಡ್ತೀ ಏನು?" ಚನ್ನಪ್ಪ ನನ್ನ ಕಡೆ ತಿರುಗಿದ. "ಮತ್ತ, ಹೆಂಗಸು ಜೋಡು ಹೊಲಿತಾಳಂತ ಬರದ್ರ ಧಾರವಾಡದ ಸಾಹೇಬ್ರು ನಗ್ತಾರ. ನಾಳೆ ಗಂಡಸರು ರೊಟ್ಟಿ ಬಡಿತಾರಂತ ಬರೀಬೇಕಾಕ್ಕೈತಿ."

ನಾನು ನಕ್ಕೆ. ಆ ನಗೆ ಪಂಚನಾಮೆಯಲ್ಲಿ ದಾಖಲಾಗಿಲ್ಲ, ಇಲ್ಲಿ ದಾಖಲಿಸುತ್ತೇನೆ.

ಜಳಕದ ಮಾತು ಸುಳ್ಳಲ್ಲ. ಆ ಓಣಿಯಲ್ಲಿ ಕಾಲಿಟ್ಟು ಬಂದರೆ ನನ್ನ ತಾಯಿ ಹಿತ್ತಿಲಲ್ಲಿ ನಿಲ್ಲಿಸಿ ನೀರು ಹಾಕಿಸಿಯೇ ಒಳಗೆ ಬಿಡುತ್ತಿದ್ದಳು. ಬೆಳಿಗ್ಗೆ ಒಂದು ಜಳಕ ಆಗಿತ್ತು. ಇನ್ನೊಂದಕ್ಕೆ ಬೇಸರ — ಇಷ್ಟೇ. ದೊಡ್ಡ ಕಾರಣವೊಂದನ್ನು ಹುಡುಕಿ ಬಹಳ ವರ್ಷ ತಿರುಗಿದ್ದೇನೆ. ಹೆದರಿಕೆ ಇತ್ತೇ? ಚನ್ನಪ್ಪನ ಒತ್ತಾಯವೇ? ಸಿಕ್ಕಿದ್ದರೆ ಚೆನ್ನಾಗಿತ್ತು. ಪಾಪಕ್ಕೆ ತಕ್ಕ ಗಾತ್ರದ ಕಾರಣ ಇದ್ದರೆ ಮನುಷ್ಯನಿಗೆ ಒಂದು ಮರ್ಯಾದೆ. ನನ್ನದು ಎರಡು ಕೊಡ ನೀರು. ಅವಳು ಕೈಯಾರೆ ಹೊಲಿದದ್ದು ನನ್ನ ಕಾಲಲ್ಲಿ ಇರಬಹುದಿತ್ತು. ಅವಳ ಅಂಗಳದಲ್ಲಿ ಆ ಕಾಲು ಇರುವಂತಿರಲಿಲ್ಲ. ಇದರಲ್ಲಿ ವಿಚಿತ್ರವೇನೂ ಅಂದು ನನಗೆ ಕಾಣಲಿಲ್ಲ ಎಂಬುದು —

ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದೆ. ಪಂಚನಾಮೆಯ ಒಕ್ಕಣೆ ನನಗೆ ಬಾಯಿಪಾಠ. ಸ್ಥಳ ನೋಡದೆ ಸ್ಥಳ ವರ್ಣಿಸುವುದರಲ್ಲಿ ನನಗೆ ತಾಲೂಕಿನಲ್ಲಿ ಹೆಸರಿತ್ತು. "ನಾವು ಪಂಚರು ತಲಾಠಿಯವರೊಂದಿಗೆ ಖುದ್ದು ಸದರಿ ಮನೆಗೆ ಹೋಗಿ ಕಣ್ಣಾರೆ ನೋಡಲಾಗಿ, ಅರ್ಜಿದಾರಳು ಸದರಿ ಕಸಬನ್ನು ಮಾಡುತ್ತಿರುವುದಾಗಲಿ, ಕಸಬಿನ ಹತ್ಯಾರಗಳಾಗಲಿ ಕಂಡುಬರಲಿಲ್ಲ." ಅಕ್ಷರ ಮುತ್ತಿನಂತಿತ್ತು. ಮೇಲಿನವರು ಯಾವಾಗಲೂ ಹೊಗಳುತ್ತಿದ್ದರು.

ಓದಿ ಹೇಳಿದೆ. ಹುಸೇನಸಾಬ ಕೇಳಿದ: "ಹೋಗೇ ಇಲ್ಲಲ್ರಿ ನಾವು?"

"ಹೋದಂಗನ ಅದು," ಎಂದೆ ನಾನು. ಈ ಮಾತು ಚನ್ನಪ್ಪನದಲ್ಲ, ನನ್ನದು.

ಹುಸೇನಸಾಬ ಚನ್ನಪ್ಪನ ಮುಖ ನೋಡಿದ. ಪಾಲಿನ ಹೊಲ ನೆನಪಾಗಿರಬೇಕು. ಹೆಬ್ಬೆಟ್ಟು ಒತ್ತಿದ. ಒತ್ತಿದ ಮೇಲೆ ಆ ಬೆರಳನ್ನು ಕಟ್ಟೆಯ ಕಲ್ಲಿಗೆ ಬಹಳ ಹೊತ್ತು ಉಜ್ಜಿದ.

ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ಕೇಳಿದಳು: "ಆ ಓಣಿಯೊಳಗ ಹೋಗಿದ್ದೇನೋ?"

"ಇಲ್ಲವ್ವಾ," ಎಂದೆ. ಅದೇ ದಿನ ಸರಕಾರಕ್ಕೆ ಹೋಗಿದ್ದೇನೆ ಎಂದು ಬರೆದುಕೊಟ್ಟವನು ತಾಯಿಗೆ ನಿಜ ಹೇಳಿದೆ. ಊಟಕ್ಕೆ ಕುಳಿತೆ. ಹೊಟ್ಟೆ ತುಂಬ ಉಂಡೆ.

ಯಂತ್ರ ಪಟ್ಟಿಯಲ್ಲಿದ್ದ ಎರಡನೆಯ ಹೆಸರಿಗೆ ಹೋಯಿತು. ಅದೇ ಓಣಿಯ ಭೀಮಪ್ಪ — ಚನ್ನಪ್ಪನ ಮನೆಯಲ್ಲಿ ಜೀತಕ್ಕಿದ್ದವ, ಜನ್ಮದಲ್ಲಿ ಸೂಜಿ ಹಿಡಿದವನಲ್ಲ. ಅವನ ಪಂಚನಾಮೆಯನ್ನೂ ಅದೇ ಕಟ್ಟೆಯ ಮೇಲೆ ಬರೆದಿದ್ದೆ, ಅದೇ ಒಕ್ಕಣೆಯಲ್ಲಿ. "ಕಂಡುಬರಲಿಲ್ಲ" ಎಂಬಲ್ಲಿ "ಕಂಡುಬಂದವು" ಎಂದಿತ್ತು. ಚನ್ನಪ್ಪನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿದಿರಲಿಲ್ಲ ಎಂದು ಬರೆಯಲು ಈಗಲೂ ಕೈ ತುರಿಸುತ್ತದೆ. ತಿಳಿದಿರಲಿಲ್ಲ ಅನ್ನುವುದಕ್ಕಿಂತ — ಕೇಳಲಿಲ್ಲ.

ಸುದ್ದಿ ತಿಳಿದ ಮೇಲೆ ಗಾಳೆವ್ವ ಚಾವಡಿಗೆ ಬಂದಳು. ಜಗಳ ಮಾಡುತ್ತಾಳೆ ಎಂದುಕೊಂಡು ನಾನು ಕಾಯಿದೆಯ ಎರಡು ವಾಕ್ಯ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು ಜಗಳ ಮಾಡಲಿಲ್ಲ.

"ಅವತ್ತ ಕಾಯ್ಕೊಂತ ಕುಂತಿದ್ದೆರಿ," ಎಂದಳು. "ಅಂಗಳಾ ಸಾರಿಸಿ, ಹತ್ಯಾರ ಎಲ್ಲಾ ಚೀಲದ ಮ್ಯಾಲ ಹಚ್ಚಿಟ್ಟಿದ್ದೆ, ನಿಮಗ ಕಾಣ್ಲಿ ಅಂತ. ನಾ ಹೊಲಿದ ಜೋಡು ನನಗ ಗೊತ್ತಾಗೂದಿಲ್ಲೇನ್ರಿ? ಬೇವಿನ ಗಿಡದ ತನಕಾ ಬಂದದ್ದು ಕೇಳಿಸ್ತು. ಆಮ್ಯಾಲ ಕೇಳಿಸ್ಲಿಲ್ಲ."

ನಾನು ಕಾಗದಗಳನ್ನು ಈ ಕಡೆಯಿಂದ ಆ ಕಡೆಗೆ ಇಟ್ಟೆ.

"ಅಲ್ಲಿಂದ ನಮ್ಮ ಬಾಗಲಕ್ಕ ಅರವತ್ತ ಹೆಜ್ಜಿರಿ. ಎಣಿಸೇನಿ. ಇನ್ನೊಮ್ಮೆ ಬರ್ರಿ. ನಿಮ್ಮ ಕಾಲಿಗೆ ನೋವಾಗೂ ಹಂಗ ಹೊಲಿದಿಲ್ಲ ನಾ."

"ಮ್ಯಾಲಿನ ಹುಕುಂ ಆಗ್ಯದ, ಗಾಳೆವ್ವ," ಎಂದೆ. "ನನ್ನ ಕೈಯಾಗ ಏನದ?"

ಅವಳು ನನ್ನ ಕೈಯನ್ನು ನೋಡಿದಳು. ಅದರಲ್ಲಿ ಮಸಿಯಲ್ಲಿ ಅದ್ದಿ ಬರೆಯುವ ಟಾಕು ಇತ್ತು. ಹೋದಳು.

ಆ ದಿನದಿಂದ ಆ ಜೋಡು ಹಾಕಿಕೊಂಡು ನಡೆಯುವುದು ಕಷ್ಟವಾಯಿತು. ಹೆಜ್ಜೆಹೆಜ್ಜೆಗೂ ಜೀರ್ ಎನ್ನುತ್ತದೆ, ನಿಂತರೆ ನಿಲ್ಲುತ್ತದೆ, ನಿಂತದ್ದು ಇನ್ನೂ ಜೋರಾಗಿ ಕೇಳುತ್ತದೆ. ಗಜೇಂದ್ರಗಡಕ್ಕೆ ಒಯ್ದು ಒಬ್ಬ ಮುದುಕ ಸಮಗಾರನಿಗೆ, ಸಪ್ಪಳ ತೆಗೆದುಕೊಡು ಎಂದೆ. ಅವನು ಬಗ್ಗಿಸಿ ನೋಡಿದ. "ಗಾಳೆವ್ವನ ಕೈ ಐತಿ ಇದು. ಸಪ್ಪಳ ತಗದ್ರ ಜೋಡು ಉಳಿಯೂದಿಲ್ರಿ. ಮಂದಿ ಸಪ್ಪಳಾ ಹಾಕು ಅಂತ ಬರ್ತಾರ, ನಿಮಗೇನಾತು?" ನನಗೇನಾಯಿತೆಂದು ಅವನಿಗೆ ಹೇಳಲಿಲ್ಲ. ಸಪ್ಪಳವಿಲ್ಲದ ಪೇಟೆಯ ಬೂಟು ಕೊಂಡೆ. ಜೋಡನ್ನು ಅಟ್ಟದ ಮೇಲೆ ಹಾಕಿದೆ.

ಆರು ತಿಂಗಳ ಮೇಲೆ ಕೆಲಸದ ಮೇಲೆ ನರಗುಂದಕ್ಕೆ ಹೋಗಿದ್ದೆ. ಪೇಟೆಯಲ್ಲಿ ಚನ್ನಪ್ಪನ ಅಳಿಯ ಕರೆದು ಚಹಾ ಕೊಟ್ಟ. ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಯಂತ್ರ ಗೋಣಿಚೀಲ ಹೊಲಿಯುತ್ತಿತ್ತು. ಮೈಮೇಲೆ ಸರಕಾರದ ತಗಡು ಇನ್ನೂ ಹೊಳೆಯುತ್ತಿತ್ತು. "ಭಾಳ ಚಲೋ ಮಷೀನ್ರಿ," ಎಂದ ಅಳಿಯ, "ಚರ್ಮಾ ಹೊಲಿಯೂದು, ಗೋಣಿ ಏನು ಲೆಕ್ಕಕ್ಕ!" ಚಹಾ ಚೆನ್ನಾಗಿತ್ತು. ಕುಡಿದು ಬಂದೆ. ಮೇಲಿನವರಿಗೆ ಒಂದು ಸಾಲು ಬರೆದಿದ್ದರೆ — ಬರೆಯಲಿಲ್ಲ. ಬರೆದರೆ ನನ್ನ ಎರಡೂ ಪಂಚನಾಮೆ ಹೊರಗೆ ಬರುತ್ತಿದ್ದವು. ಮೊದಲ ತಪ್ಪಿಗೆ ಬೇಸರ ಕಾರಣವಾಗಿತ್ತು. ಇದಕ್ಕೆ ಅದೂ ಇಲ್ಲ. ಇದು ಯೋಚನೆ ಮಾಡಿಯೇ ಆದದ್ದು.

ಮುಂದೆ ನಾಡು ಒಂದಾಯಿತು; ನಾವು ಮೈಸೂರು ಸರಕಾರದವರಾದೆವು. ಹೊಸ ಅರ್ಜಿಯ ನಮೂನೆ ಬಂತು. ಗಾಳೆವ್ವ ಮತ್ತೆ ಅರ್ಜಿ ಹಾಕಿದಳು — ನನ್ನ ಕೈಯಿಂದಲ್ಲ, ಸಾಲಿಯ ಮಾಸ್ತರರಿಂದ ಬರೆಸಿ. ಅರ್ಜಿ ನನ್ನ ಮೇಜಿಗೇ ಬಂತು, ಹಳೆಯ ಕಡತವೂ ಜೊತೆಗೆ. ಹೊಸ ಸಾಹೇಬರು ಹಳೆಯ ಪಂಚನಾಮೆ ಓದಿ, "ಇವಳು ಕಸಬುದಾರಳಲ್ಲ ಅಂತ ನೀವೇ ಬರೆದಿದ್ದೀರಲ್ಲ?" ಎಂದರು. ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಫ್ಯಾನು ಇರಲಿಲ್ಲ. ಬೆವರು ಬಂತು. ಒಂದು ಮಾತು ಸಾಕಿತ್ತು — ತಪ್ಪಾಗಿದೆ, ಇನ್ನೊಮ್ಮೆ ನೋಡಿ ಬರುತ್ತೇನೆ.

"ಹೌದ್ರಿ," ಎಂದೆ.

ಹೀಗೆ ನನ್ನ ಒಂದು ವಾಕ್ಯ ಎರಡು ಸರಕಾರಗಳಿಗೆ ಸಾಲಿತು. ಹುಸೇನಸಾಬನ ಅಣ್ಣ ಖೋಲಿಯನ್ನು ಎರಡು ವರ್ಷ ಖಾಲಿ ಇಟ್ಟುಕೊಂಡು ಕಾದ; ಆಮೇಲೆ ಬೀಡಿ ಅಂಗಡಿಗೆ ಕೊಟ್ಟ.

ನನಗೆ ಬಡ್ತಿಯಾಯಿತು, ವರ್ಗವಾಯಿತು, ನಿವೃತ್ತಿಯಾಯಿತು. ಬೀಳ್ಕೊಡುವ ದಿನ ನನ್ನ ಅಕ್ಷರದ ಬಗ್ಗೆ ಮೂವರು ಮಾತಾಡಿದರು. ಈಚೆಗೆ ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗುತ್ತಿಲ್ಲ. ಮನೆಯ ಪಡಸಾಲೆಯಲ್ಲಿ ಎಣಿಸಿಕೊಂಡು ತಿರುಗುತ್ತೇನೆ. ಅರವತ್ತು ಆದ ಕೂಡಲೇ ನಿಲ್ಲುತ್ತೇನೆ. ನಿಂತು, ಮತ್ತೆ. ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಮನೆಯವರಿಗೆ ಸಮಾಧಾನ.

ಹೋದ ತಿಂಗಳು ಆ ಊರಿಗೆ ಹೋದೆ. ಬಸ್ಸು ಇಳಿದು ಬೇವಿನ ಗಿಡದ ತನಕ ನಡೆದೆ. ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕೆನಿಸಿತು, ಕುಳಿತುಕೊಳ್ಳಲಿಲ್ಲ. ಎಣಿಸತೊಡಗಿದೆ. ಹತ್ತನೆಯ ಹೆಜ್ಜೆಗೆ, ಓಣಿ ಹೊರಳುವಲ್ಲಿ, ಅವಳ ಅಂಗಳದ ಕಲ್ಲು ಕಂಡಿತು — ಚರ್ಮ ಬಡಿಯುವ ಕಲ್ಲು, ನಡುವೆ ತಟ್ಟೆಯಂತೆ ಸವೆದದ್ದು. ಹತ್ತೇ ಹೆಜ್ಜೆ. ಅರವತ್ತೂ ಬೇಕಿರಲಿಲ್ಲ.

ಆದರೂ ಎಣಿಸುತ್ತ ಹೋದೆ. ಬಾಗಿಲಲ್ಲಿ ಅವಳ ತಂಗಿಯ ಮಗಳು ಕುಳಿತು ಅವರೆ ಸುಲಿಯುತ್ತಿದ್ದಳು. "ಯಾರ್ ಬೇಕಾಗಿತ್ರಿ?" ಎಂದಳು. ಗಾಳೆವ್ವನ ಹೆಸರು ಹೇಳಿದೆ. "ಅಕಿ ಹೋಗಿ ಭಾಳ ವರ್ಷ ಆತ್ರಿ. ನೀವು ಯಾರು?"

ಪಂಚನಾಮೆ ಬರೆದವನು ಎಂದೆ. ಏನು ಬರೆದೆ, ಎಲ್ಲಿ ಕುಳಿತು ಬರೆದೆ ಎಂಬುದನ್ನೂ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಿ ಕೇಳಿದಳು, ಆಮೇಲೆ ಮತ್ತೆ ಸುಲಿಯತೊಡಗಿದಳು. ಕುಳಿತುಕೊಳ್ಳಿ ಎನ್ನಲಿಲ್ಲ. ನಾನು ನಿರೀಕ್ಷಿಸಿಯೂ ಇರಲಿಲ್ಲ. ಹೇಳಿದ್ದನ್ನೆಲ್ಲ ಬರೆದೂ ಇಡಬೇಕೆಂದು ಅಲ್ಲಿಂದ ಬರುವಾಗ ನಿಶ್ಚಯಿಸಿದೆ. ಇದು ಆ ಬರಹ.

ಯಂತ್ರ ಕೆಟ್ಟು ನಿಲ್ಲುವ ತನಕ ನರಗುಂದದಲ್ಲಿ ಚೀಲ ಹೊಲಿಯಿತು. ಗಾಳೆವ್ವ ಕೊನೆಯ ವರ್ಷದವರೆಗೂ ಗಜೇಂದ್ರಗಡದ ಸಂತೆಯಲ್ಲಿ ಚೀಲ ಹಾಸಿಕೊಂಡು ಕುಳಿತು ಜೋಡು ಮಾರಿದಳು.