ಗಂಟೆಗೆ ಮೂವತ್ತು ಕಿಲೋಮೀಟರ್

ನಾನು ಕಾರನ್ನು ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತೇನೆ. ಇದನ್ನು ನೀವು ತಪ್ಪೊಪ್ಪಿಗೆ ಎಂದಾದರೂ ತಿಳಿಯಿರಿ, ಘೋಷಣೆ ಎಂದಾದರೂ ತಿಳಿಯಿರಿ. ನವಲಗುಂದದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ನಮ್ಮ ಪಠ್ಯಪುಸ್ತಕಗಳಲ್ಲಿ ‘ಒಂದು ವಾಹನವು ಗಂಟೆಗೆ ಮೂವತ್ತು ಕಿ.ಮೀ. ವೇಗದಲ್ಲಿ ಹೊರಟರೆ’ ಎಂದು ಶುರುವಾಗುವ ಲೆಕ್ಕಗಳಿರುತ್ತಿದ್ದವು. ಆ ವಾಹನ ಹೊರಟ ವೇಗದಲ್ಲೇ ಊರು ಮುಟ್ಟುತ್ತಿತ್ತು. ದಾರಿಯಲ್ಲಿ ಅದರ ಹಿಂದೆ ಯಾರೂ ಹಾರ್ನ್ ಬಾರಿಸುತ್ತಿರಲಿಲ್ಲ, ಎಡಗಡೆಯಿಂದ ತೂರಿ ಮುಂದೆ ಬಂದು ತಿರುಗಿ ನೋಡಿ ಬಯ್ಯುತ್ತಿರಲಿಲ್ಲ. ನಿವೃತ್ತನಾದ ಮೇಲೆ ಒಂದು ಹಳೆಯ ಕಾರು ಕೊಂಡು ರಸ್ತೆಗಿಳಿದಾಗಲೇ ನನಗೆ ತಿಳಿದದ್ದು, ಆ ಲೆಕ್ಕಗಳನ್ನು ಬರೆದವರು ಯಾರೂ ಗಾಡಿ ಹೊಡೆದವರಲ್ಲ ಎಂದು.

ನನ್ನ ಹೆಂಡತಿ ಸರೋಜಾಳ ಅಭಿಪ್ರಾಯ ಬೇರೆ. “ನೀವು ಗಾಡಿ ಹೊಡೀತೀರೋ, ಮದುಮಗನ್ನ ಮೆರವಣಿಗಿ ಮಾಡತೀರೋ?” ಎಂದು ಅವಳು ಪ್ರತಿ ಪ್ರಯಾಣದಲ್ಲೂ ಒಂದು ಸಲ ಕೇಳುತ್ತಾಳೆ. ಉತ್ತರ ಬೇಕಾಗಿ ಕೇಳುವುದಲ್ಲ ಅದು. ಊರಿನ ಕಮಾನು ದಾಟುವಾಗ ಕೈ ಮುಗಿಯುವ ಹಾಗೆ ಒಂದು ರೂಢಿ.

ಈ ಹತ್ತು ವರ್ಷಗಳಲ್ಲಿ ನಾನು ಮೂರು ಶಹರಗಳಲ್ಲಿ ಅವಮಾನಿತನಾಗಿದ್ದೇನೆ. ಪ್ರತಿಯೊಂದು ಶಹರಕ್ಕೂ ಅದರದೇ ಶೈಲಿ ಇದೆ ಎಂಬುದನ್ನು ನಿಷ್ಪಕ್ಷಪಾತವಾಗಿ ದಾಖಲಿಸಬೇಕು.

ಪುಣೆಯಲ್ಲಿ ಬಯ್ಯುವುದಿಲ್ಲ, ಪಾಠ ಹೇಳುತ್ತಾರೆ. ಅಲ್ಲಿ ಒಬ್ಬರು ಹಿರಿಯರು ತಮ್ಮ ಸ್ಕೂಟರನ್ನು ನನ್ನ ಕಾರಿನ ಮುಂದೆ ಅಡ್ಡ ನಿಲ್ಲಿಸಿ, ಹೆಲ್ಮೆಟ್ ತೆಗೆದು, ತಲೆಗೂದಲು ಸರಿಪಡಿಸಿಕೊಂಡು, ಶುದ್ಧ ಮರಾಠಿಯಲ್ಲಿ ನನ್ನ ತಪ್ಪುಗಳನ್ನು ಒಂದೊಂದಾಗಿ ವಿವರಿಸಿದರು. ಅವರು ವಿವರಿಸುವಷ್ಟು ಹೊತ್ತೂ ಅರ್ಧ ಪೇಟೆ ಹಿಂದೆ ನಿಂತಿತ್ತು. ತಾವು ರಸ್ತೆಗೆ ಅಡ್ಡ ನಿಂತಿರುವುದು ಅವರು ಹೇಳಿದ ತಪ್ಪುಗಳ ಪಟ್ಟಿಯಲ್ಲಿ ಬರಲಿಲ್ಲ. ನಾನೂ ಮೇಷ್ಟ್ರೇ ಆದ್ದರಿಂದ ನಡುವೆ ಬಾಯಿ ಹಾಕಲಿಲ್ಲ. ತರಗತಿಗೆ ಒಂದು ಶಿಸ್ತು ಇರಬೇಕಲ್ಲ.

ಬೆಂಗಳೂರಿನಲ್ಲಿ ಪಾಠ ಹೇಳುವಷ್ಟು ಪುರುಸೊತ್ತು ಯಾರಿಗಿದೆ? ಅಲ್ಲಿ ಎಲ್ಲರೂ ನಿಂತೇ ಇರುತ್ತಾರೆ, ಆದರೂ ಎಲ್ಲರಿಗೂ ಅವಸರ. ಒಂದು ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ನಿಂತಾಗ ನಾನು ಅಲ್ಲಿನ ಜನರನ್ನು ಅಭ್ಯಾಸ ಮಾಡಿದೆ. ಮುಂದೆ ಎರಡು ಅಡಿ ಜಾಗ ಹುಟ್ಟಿದರೆ ಸಾಕು, ನಾಲ್ಕು ಗಾಡಿ ಅದರೊಳಗೆ ಮೂತಿ ತೂರಿಸುತ್ತವೆ. ನಾನು ಆ ಎರಡು ಅಡಿಯನ್ನು ಮರ್ಯಾದೆಗೆಂದು ಬಿಟ್ಟಿದ್ದೆ. ಹಿಂದಿನ ಹುಡುಗಿ ಕಿಟಕಿ ಇಳಿಸಿ, “ಅಂಕಲ್, ಮುಂದೆ ಹೋಗಿ, ಪ್ಲೀಸ್” ಎಂದಳು. ಆ ‘ಪ್ಲೀಸ್’ ಅನ್ನು ಅವಳು ಹೇಳಿದ ರೀತಿಗೆ ನಮ್ಮ ಕಡೆ ಪಂಚಾಯ್ತಿ ಸೇರುತ್ತದೆ.

ಇನ್ನು ಹುಬ್ಬಳ್ಳಿ. ಹುಬ್ಬಳ್ಳಿ ನಮ್ಮದು, ಅದಕ್ಕೇ ಸಿಟ್ಟು ಹೆಚ್ಚು. ಅಲ್ಲಿ ಆಟೋದವರು ಎಡಕ್ಕೆ ತಿರುಗುವಾಗ ಎಡಗಾಲು ಹೊರಗೆ ಚಾಚುತ್ತಾರೆ. ಬಲಕ್ಕೆ ತಿರುಗುವಾಗ ಏನನ್ನೂ ಚಾಚುವುದಿಲ್ಲ. ಅದನ್ನು ನಾವು ಅವರ ಮುಖಭಾವದಿಂದ ಊಹಿಸಿಕೊಳ್ಳಬೇಕು, ಮುಖವೋ ಮುಂದಕ್ಕಿರುತ್ತದೆ. ಕಳೆದ ಆಷಾಢದಲ್ಲಿ ಅಲ್ಲಿನ ಒಂದು ಸರ್ಕಲ್ಲಿನಲ್ಲಿ ಹಸಿರು ದೀಪ ಬಂತು. ಬಲಗಡೆಯಿಂದ ಇನ್ನೂ ನುಗ್ಗುತ್ತಿದ್ದವರು ಮುಗಿಯಲಿ ಎಂದು ನಾನು ಕಾದೆ. ಅವರು ಮುಗಿಯುವ ಹೊತ್ತಿಗೆ ದೀಪ ಕೆಂಪಾಯಿತು. ಹೀಗೆ ಮೂರು ಸಲ. ಆಮೇಲೆ ಒಬ್ಬ ಪೊಲೀಸಪ್ಪ ಓಡಿ ಬಂದು, “ಅಜ್ಜಾರ, ಗಾಡಿ ಬಂದ್ ಬಿದ್ದೈತೇನ್ರಿ?” ಎಂದು ಬಹಳ ಅಂತಃಕರಣದಿಂದ ಕೇಳಿದ. ನಾನು ಸಂಚಾರ ನಿಯಮದ ಕುರಿತು ಬಾಯಿ ತೆರೆಯುವಷ್ಟರಲ್ಲಿ ಅವನು ನಾಲ್ಕು ಮಂದಿಯನ್ನು ಕರೆದಾಗಿತ್ತು. ಇಂಜಿನ್ ಚಾಲೂ ಇರುವ, ಏನೇನೂ ಕೆಡದ ಕಾರನ್ನು, ಒಳಗೆ ಇಬ್ಬರು ಹಿರಿಯ ನಾಗರಿಕರು ಕೂತಿರುವಾಗಲೇ, ಅವರು ಬದಿಗೆ ನೂಕಿ ನಿಲ್ಲಿಸಿದರು. ಒಬ್ಬನಂತೂ ಬಾನೆಟ್ ತಟ್ಟಿ, “ಬ್ಯಾಟ್ರಿ ಹೋಗಿರಬೇಕ್ರಿ ಕಾಕಾ” ಎಂದು ರೋಗನಿದಾನವನ್ನೂ ಮಾಡಿದ.

ನವಲಗುಂದದ ಮನೆಗೆ ಬಂದು ಸರೋಜಾ ಕಾರಿನ ಕೀಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ದೇವರ ಮನೆಯ ಗೂಟಕ್ಕೆ ಹಾಕಿದಳು. ಶ್ರಾವಣದಲ್ಲಿ ತೀರ್ಪು ಹೊರಬಿತ್ತು. ಕಾರನ್ನು ಗದಗಿನಲ್ಲಿರುವ ಅವಳ ತಮ್ಮನಿಗೆ ಕೊಡುವುದು. ಅವನು ಬರುವ ಸೋಮವಾರ ಬಂದು ಒಯ್ಯುತ್ತಾನೆ. ಅಷ್ಟರೊಳಗೆ ಬರುವ ಭಾನುವಾರ ತಿರ್ಲಾಪುರದಲ್ಲಿ ಮೊಣಕಾಲು ಹಿಡಿದು ಕೂತಿರುವ ಅವಳ ಅಕ್ಕನನ್ನು ನೋಡಿ ಬರುವುದಕ್ಕೆ ಮಾತ್ರ ಕೀಲಿ ಕೆಳಗಿಳಿಯುತ್ತದೆ. ಮೇಲ್ಮನವಿಗೆ ಅವಕಾಶವಿರಲಿಲ್ಲ. ಅವಳ ತಮ್ಮ ಎಂಬತ್ತರ ಕೆಳಗೆ ಓಡಿಸಿದವನಲ್ಲ. ನನ್ನ ಕಾರು ಅವನ ಕೈಯಲ್ಲಿ ಹೇಗೆ ಬದುಕೀತು ಎಂಬ ಚಿಂತೆಯಲ್ಲಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಮಾಡಿದೆ, ಹೋಳಿಗೆ ಇತ್ತು.

ಹೀಗೆ ನನ್ನ ಕೊನೆಯ ಸವಾರಿ ಎಂದು ನಿಶ್ಚಯವಾಗಿದ್ದ ಭಾನುವಾರ, ಅಕ್ಕನ ಮೊಣಕಾಲಿನ ವರದಿಯನ್ನು ಸಂಪೂರ್ಣ ಕೇಳಿ, ಮಧ್ಯಾಹ್ನ ಮೂರರ ಸುಮಾರಿಗೆ ತಿರ್ಲಾಪುರ ಬಿಟ್ಟೆವು. ಊರು ದಾಟಿ ಒಂದು ತಿರುವು ತಿರುಗಿದ್ದೇ ತಡ, ರಸ್ತೆಯೇ ಕಾಣಲಿಲ್ಲ. ಬೆಳಿಗ್ಗೆ ಹೋಗುವಾಗ ಕಪ್ಪಗೆ ಮಲಗಿದ್ದ ಡಾಂಬರಿನ ಮೇಲೆ, ಈ ಅಂಚಿನಿಂದ ಆ ಅಂಚಿನ ತನಕ, ನೂರು ಹೆಜ್ಜೆಯುದ್ದಕ್ಕೆ ಕಿತ್ತು ಒಣಗಿಸಿದ ಹೆಸರುಕಾಳಿನ ಬಳ್ಳಿ ಹಾಸಿತ್ತು.

ಈ ವಿಷಯದಲ್ಲಿ ನನ್ನ ನಿಲುವು ನಮ್ಮ ತಾಲೂಕಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಸಾರ್ವಜನಿಕ ರಸ್ತೆಯನ್ನು ಕಣ ಮಾಡಿಕೊಂಡು, ಹೋಗಿ ಬರುವವರ ಗಾಲಿಯಿಂದ ಪುಕ್ಕಟೆ ಕಾಳು ಬಿಡಿಸಿ ರಾಶಿ ಮಾಡಿಸಿಕೊಳ್ಳುವ ಪದ್ಧತಿಯನ್ನು ಖಂಡಿಸಿ ನಾನು ಸಂಬಂಧಪಟ್ಟವರಿಗೆ ಎರಡು ಅರ್ಜಿ ಬರೆದಿದ್ದೇನೆ. ಎರಡನೆಯದರಲ್ಲಿ ನಕಾಶೆಯನ್ನೂ ಲಗತ್ತಿಸಿದ್ದೆ. ಅಲ್ಲದೆ, ಉಣ್ಣುವ ಕಾಳಿನ ಮೇಲೆ ಟೈರು ಹಾಯಿಸುವುದೆಂದರೆ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಅಜ್ಜ ಕಣಕ್ಕೆ ಕಾಲಿಡುವ ಮೊದಲು ಕಾಲಿನ ಕೆರ ಕಳಚುತ್ತಿದ್ದ. ನಾನು ಕಾರನ್ನು ಬಳ್ಳಿಯ ಅಂಚಿಗೆ ಸರಿಯಾಗಿ ನಿಲ್ಲಿಸಿ, ಕೆಳಗಿಳಿದು, ಬಾಗಿಲು ಹಾಕಿ, ಗಂಟಲು ಸರಿಪಡಿಸಿಕೊಂಡೆ.

ರಸ್ತೆ ಬದಿಯಲ್ಲಿ ಕೈಯಲ್ಲಿ ಕೋಲು ಹಿಡಿದು ಬಳ್ಳಿ ತಿರುವಿ ಹಾಕುತ್ತಿದ್ದ ನಡುವಯಸ್ಸಿನ ಹೆಂಗಸು ನನ್ನನ್ನು ನೋಡಿದಳು. ಅವಳ ಹೆಸರು ನೀಲವ್ವ ಎಂದು ಆಮೇಲೆ ತಿಳಿಯಿತು. ಅವಳ ಗಂಡ ಬಸಪ್ಪ ಆಚೆ ತುದಿಯಲ್ಲಿ ಚೀಲಗಳನ್ನು ಕೊಡವುತ್ತಿದ್ದ.

“ಯಾಕ ನಿಂದರಿಸಿದ್ರಿ?” ಎಂದಳು ನೀಲವ್ವ. “ಹತ್ತಸ್ರಿ ಮ್ಯಾಲೆ.”

“ಹತ್ತಿಸುವುದಿಲ್ಲ” ಎಂದೆ. “ಇದು ಸರಕಾರಿ ರಸ್ತೆ. ಇಲ್ಲಿ ರಾಶಿ ಹಾಕುವುದು ಕಾಯ್ದೆ ಪ್ರಕಾರ ತಪ್ಪು.”

“ಹೌದ್ರಿ, ತಪ್ಪು” ಎಂದು ಅವಳು ತಕ್ಷಣ ಒಪ್ಪಿಕೊಂಡಳು. ಒಪ್ಪಿಕೊಂಡವರ ಜೊತೆ ವಾದ ಮಾಡುವುದು ಎಷ್ಟು ಕಷ್ಟ ಎಂಬುದನ್ನು ವಕೀಲರು ಬಲ್ಲರು. “ಹೊಲದಾಗ ಕಾಲಿಟ್ರ ಮೊಣಕಾಲಮಟ ಎರಿಮಣ್ಣ ಹತ್ತತೈತ್ರಿ. ರಾಶಿ ಮಾಡೂ ಮಷೀನಿನಂವಾ ಒಳಗ ಬರಂಗಿಲ್ಲ ಅಂತಾನ. ಅತ್ಲಾಗ ಮಾಡ ನೋಡ್ರಿ. ಐತವಾರ, ಬಸ್ಸೂ ಇಲ್ಲ. ಹಾಸಿದಾಗಿಂದ ಎರಡ ಗಾಡಿ ಹಾದಾವ. ನೀವು ಕಾಯ್ದೆ ಹೇಳೂದ್ರಾಗ ಎರಡ ಸುತ್ತ ಆಗತಿದ್ದೂ.”

ನೋಡಿದೆ. ನೈಋತ್ಯದಲ್ಲಿ ಮೋಡ ಎಮ್ಮೆಯ ಬಣ್ಣಕ್ಕೆ ತಿರುಗಿತ್ತು. ಒಣಗಿದ ಹೆಸರುಕಾಯಿಗೆ ಒಮ್ಮೆ ನೀರು ಬಿದ್ದರೆ ಒಳಗೆ ಕಾಳು ಮೊಳಕೆಯೊಡೆಯುತ್ತದೆ, ಕಪ್ಪಾಗುತ್ತದೆ. ಇಷ್ಟು ತಿಳಿಯುವುದಕ್ಕೆ ಗಣಿತ ಬೇಕಾಗಿಲ್ಲ. ಆದರೂ ನಾನು ಬಳ್ಳಿ ಗಾಲಿಗೆ ಸುತ್ತಿಕೊಳ್ಳುವ ಅಪಾಯದ ಬಗ್ಗೆ ಹೇಳಿದೆ. “ಸುತ್ತಿಗೊಮ್ಮೆ ನಾನ ಬಿಡಸ್ತೀನ್ರಿ” ಎಂದ ಬಸಪ್ಪ, ದೂರದಿಂದಲೇ. ಕಾಳಿನ ಮೇಲೆ ಗಾಲಿ ಹಾಯಿಸುವ ಪಾಪದ ಬಗ್ಗೆ ಹೇಳಿದೆ. “ಅದನ್ನ ನಮ್ಮ ಲೆಕ್ಕಕ್ಕ ಬರಕೋರಿ” ಎಂದಳು ನೀಲವ್ವ.

ಅಷ್ಟರಲ್ಲಿ ನನ್ನ ಹಿಂದೆ ಕಾರಿನ ಬಾಗಿಲಿನ ಸಪ್ಪಳವಾಯಿತು. ಸರೋಜಾ ಇಳಿದು, ಸೆರಗು ಸಿಕ್ಕಿಸಿ, ಬದಿಗೆ ಬಿದ್ದಿದ್ದ ಇನ್ನೊಂದು ಕೋಲು ಎತ್ತಿಕೊಂಡಳು. ನಲವತ್ತು ವರ್ಷದ ದಾಂಪತ್ಯದ ಮೇಲೂ ಅವಳಿಗೆ ವಿರೋಧ ಪಕ್ಷ ಸೇರುವುದಕ್ಕೆ ಇಷ್ಟೇ ಹೊತ್ತು ಸಾಕು.

“ನಡೀರಿ, ಹೊಡೀರಿ ಗಾಡಿ” ಎಂದಳು. “ಬ್ಯಾರೆ ಊರಾಗ ನಿಮಗ ಜಾಗಾನ ಕೊಡಲಿಲ್ಲ. ಇವರು ಪಾಪ, ಹಾಸಿ ಕೊಟ್ಟಾರ.”

ಕಾರು ಹತ್ತಿದೆ. ಸಿಟ್ಟಿನಲ್ಲೇ ಹತ್ತಿದೆ ಎಂಬುದು ದಾಖಲೆಯಲ್ಲಿರಲಿ. ಗೇರು ಹಾಕಿ ಮುಂದೆ ಬಿಟ್ಟಾಗ ಕೆಳಗಿನಿಂದ ಚಟಚಟ ಸದ್ದು ಬಂತು, ಸಾವಿರ ಮಂದಿ ಒಟ್ಟಿಗೆ ಚಿಟಿಕೆ ಹೊಡೆದ ಹಾಗೆ. ಆಚೆ ತುದಿಯ ಹತ್ತಿರ ನನ್ನ ವಾಡಿಕೆಯ ಮೂವತ್ತಕ್ಕೆ ಬಂದಿದ್ದೆನೋ ಇಲ್ಲವೋ, ಬಸಪ್ಪ ಎರಡೂ ಕೈ ಎತ್ತಿ ಅಡ್ಡ ಬಂದ.

“ಏ ಸರ, ಸಾವಕಾಶ. ಇಷ್ಟ ಜೋರ ಹೊಡೀಬ್ಯಾಡ್ರಿ. ಕಾಳ ಸಿಡದು ತಗ್ಗಿಗೆ ಹೋಗತಾವ.”

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಏನೆಂದಿರಿ ಎಂದು ಕೇಳಿದೆ. ಅವನು ಮತ್ತೆ ಹೇಳಿದ. ನಾನು ಸರೋಜಾಳ ಕಡೆ ನೋಡಿದೆ. ಅವಳು ಬಳ್ಳಿ ತಿರುವುವುದರಲ್ಲಿ ಮಗ್ನಳಾಗಿದ್ದಳು, ಅಥವಾ ಹಾಗೆ ತೋರಿಸಿಕೊಂಡಳು.

ನಮ್ಮ ಅಜ್ಜನ ಕಣದಲ್ಲಿ ನಡುವೆ ಒಂದು ಮೇಟಿಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ಸುತ್ತು ಹೊಡೆಸುತ್ತಿದ್ದರು. ಅದಕ್ಕೆ ಹಂತಿ ಎನ್ನುತ್ತಾರೆ. ಒಳಗಿನ ಎತ್ತು ಸಣ್ಣ ವೃತ್ತ ಸುತ್ತುತ್ತದೆ, ಹೊರಗಿನದು ದೊಡ್ಡ ವೃತ್ತ. ಪರಿಧಿ ಬೇರೆ, ಕೇಂದ್ರ ಒಂದೇ. ಹೊರಗಿನ ಎತ್ತು ಒಳಗಿನದನ್ನು ಓವರ್‌ಟೇಕ್ ಮಾಡಿದ್ದನ್ನು ನಾನು ಕಾಣೆ. ಕೊರಳಿನಲ್ಲಿ ಗಂಟೆ ಇರುತ್ತಿತ್ತು, ಆದರೆ ಅದು ‘ನಾನು ಇಲ್ಲಿದ್ದೇನೆ’ ಎನ್ನುತ್ತಿತ್ತೇ ಹೊರತು ‘ನೀನು ಯಾಕೆ ಅಲ್ಲಿದ್ದೀ’ ಎಂದು ಕೇಳುತ್ತಿರಲಿಲ್ಲ. ಹಾರ್ನ್ ಎಂಬ ವಸ್ತುವಿನ ಇಡೀ ಅಧಃಪತನ ಈ ಎರಡು ವಾಕ್ಯಗಳ ನಡುವೆ ನಡೆದಿದೆ. ಮೂರನೆಯ ಸುತ್ತಿನಲ್ಲಿ ನಾನು ಇದನ್ನು ಯೋಚಿಸುತ್ತಿದ್ದೆ. ಏಳನೆಯ ಸುತ್ತಿನಲ್ಲಿ ಯೋಚನೆ ನಿಂತಿತ್ತು. ಕಾಲು ತಾನಾಗಿ ಕ್ಲಚ್ಚಿನ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ತುದಿಗೆ ಮುಟ್ಟಿದಾಗ ಬಸಪ್ಪ ಬಾಗಿ ಗಾಲಿಗೆ ಸುತ್ತಿದ ಬಳ್ಳಿ ಬಿಡಿಸಿ, “ಹೊಳ್ಳಸ್ರಿ” ಎನ್ನುತ್ತಿದ್ದ, ನಾನು ಹೊರಳಿಸುತ್ತಿದ್ದೆ. ಹೋದ ರಸ್ತೆಯಲ್ಲೆಲ್ಲ ಜನ ನನಗೆ ಹೋಗು ಎಂದವರೇ. ಹೊರಳಿ ಬಾ ಎಂದವನು ಇವನೊಬ್ಬ.

ಹನ್ನೊಂದನೆಯ ಸುತ್ತಿನ ನಡುವೆ ಹಿಂದಿನಿಂದ ಹಾರ್ನ್ ಕೇಳಿಸಿತು. ಬೈಕಿನ ಮೇಲೆ ಒಬ್ಬ ತರುಣ. ಒಂದು ಸಲ ಬಾರಿಸಿ ಸುಮ್ಮನಾಗುವ ಜಾತಿಯಲ್ಲ. ನನ್ನ ಕಿವಿ ಹಳೆಯ ರೂಢಿಯಂತೆ ಬಿಸಿಯಾಯಿತು, ಕೈ ತಾನಾಗಿ ಕಾರನ್ನು ಎಡಕ್ಕೆ ಎಳೆಯತೊಡಗಿತು. ಅಷ್ಟರಲ್ಲಿ, ಸರೋಜಾಳಿಂದ ನನ್ನ ವೃತ್ತಾಂತ ಕೇಳಿಕೊಂಡಿದ್ದ ನೀಲವ್ವ ಕೋಲು ಹಿಡಿದು ರಸ್ತೆಯ ನಡುವೆ ಬಂದಳು.

“ಏ ತಮ್ಮಾ, ಕಣ್ಣ ಕಾಣಸ್ತಾವೋ ಇಲ್ಲೋ? ಮಾಸ್ತರು ರಾಶಿ ಮಾಡಾಕತ್ತಾರ. ಬಾಜೂಕ ಹಾದು ಹೋಗು. ಹಾರ್ನ ನಿಮ್ಮ ಮನ್ಯಾಗ ಹೊಡಿ.”

“ಅವ್ರ ಬಾಳ ಸಾವಕಾಶ ಹೊಂಟಾರ ಬೇ” ಎಂದ ಅವನು.

“ಅವರ ಹಂಗ ಹೊಡಿಯಾಕ ನಿನಗ ಬರತೈತೇನಲೇ?”

ಅವನು ಬೈಕು ಇಳಿದು, ತಳ್ಳಿಕೊಂಡು, ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋದ. ನಾನು ಮುಂದೆ ನೋಡುತ್ತಿದ್ದೆ. ಪುಣೆಯ ಹಿರಿಯರು, ಬೆಂಗಳೂರಿನ ಹುಡುಗಿ, ಹುಬ್ಬಳ್ಳಿಯ ಆ ನಾಲ್ಕು ಮಂದಿ ಎಲ್ಲರೂ ಆ ರಸ್ತೆಬದಿಯಲ್ಲಿ ನಿಂತಿರಬೇಕಿತ್ತು. ಯಾರೂ ಇರಲಿಲ್ಲ. ಒಂದು ನಾಯಿ ಇತ್ತು, ಅದೂ ಬೇರೆ ಕಡೆ ನೋಡುತ್ತಿತ್ತು. ಆದರೆ ಸರೋಜಾ ಕೋಲು ಊರಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಬಳ್ಳಿ ಎತ್ತಿ ಬದಿಗೆ ಹಾಕಿ, ಅಡಿಯಲ್ಲಿ ಉಳಿದ ಹಸಿರು ಕಾಳನ್ನು ನಾವು ನಾಲ್ವರೂ ಕೂಡಿ ಗುಡಿಸಿ, ಚೀಲ ತುಂಬಿ, ಮೇಲೆ ತಾಡಪತ್ರಿ ಹೊದಿಸುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ನೀಲವ್ವ ಬೇಡವೆಂದರೂ ಕೇಳದೆ ಒಂದು ಸಣ್ಣ ಗಂಟು ಕಾಳನ್ನು ಹಿಂದಿನ ಸೀಟಿನ ಮೇಲೆ ಇಟ್ಟಳು. ಮಳೆಯಲ್ಲಿ, ಗಂಟೆಗೆ ಮೂವತ್ತರಲ್ಲಿ, ನವಲಗುಂದಕ್ಕೆ ಬಂದೆವು. ಸರೋಜಾ ಮೆರವಣಿಗೆಯ ಪ್ರಶ್ನೆ ಕೇಳಲಿಲ್ಲ. ನಾನು ಊರ ಕಮಾನಿನ ತನಕ ಕಾದೆ, ಅಲ್ಲಿಯೂ ಕೇಳಲಿಲ್ಲ.

ಸೋಮವಾರ ಅವಳ ತಮ್ಮ ಬಂದ, ಚಹಾ ಕುಡಿದ, ಬಸ್ಸಿಗೆ ಹೋದ. ಅವನಿಗೆ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ನನಗೆ ಹೇಳಿದ್ದು ಇಷ್ಟು: “ಹುಬ್ಬಳ್ಳಿಗೆ ಬಸ್ಸಿನಾಗ ಹೋಗೂಣು. ಹೊಲದ ಕಡೆ, ಊರ ಕಡೆ ಹೋಗೂದಿದ್ರ ನೀವು ಹೊಡೀರಿ.” ಕೀಲಿ ದೇವರ ಮನೆಯಿಂದ ಇಳಿದು ನನ್ನ ಅಂಗಿಯ ಗೂಟಕ್ಕೆ ಬಂತು. ಪೂರ್ತಿ ಗೆಲುವಲ್ಲ. ಮೂರು ಶಹರಗಳನ್ನು ಕಳೆದುಕೊಂಡು ಒಂದು ತಾಲೂಕು ಉಳಿಸಿಕೊಂಡಂತೆ.

ರಸ್ತೆಯ ಮೇಲಿನ ರಾಶಿಯ ಬಗ್ಗೆ ನನ್ನ ನಿಲುವು ಮಾತ್ರ ಹಾಗೇ ಇದೆ. ಅದು ತಪ್ಪು, ಕಾಯ್ದೆಗೆ ವಿರುದ್ಧ, ಅಪಾಯಕರ. ಮೂರನೆಯ ಅರ್ಜಿಯ ಕರಡು ಮೇಜಿನ ಮೇಲಿದೆ. ಆ ಸೋಮವಾರ ರಾತ್ರಿ ಊಟಕ್ಕೆ ಸರೋಜಾ ಅದೇ ಹೆಸರುಕಾಳಿನ ಪಲ್ಯ ಮಾಡಿದ್ದಳು. ಮೂರನೆಯ ತುತ್ತಿಗೆ ಹಲ್ಲಿನ ನಡುವೆ ಕಟಕ್ ಎಂದಿತು. ತೆಗೆದು ನೋಡಿದರೆ ಡಾಂಬರು ಮೆತ್ತಿದ, ಕಡಲೆಬೇಳೆಯಷ್ಟು ದೊಡ್ಡ ಹರಳು. ಸಿಟ್ಟು ನೆತ್ತಿಗೇರಿತು. ಯಾರು ಹೀಗೆ ರಾಶಿ ಮಾಡಿದವರು ಎಂದು ಕೇಳಬೇಕೆಂದು ಬಾಯಿ ತೆರೆದವನು, ಸರೋಜಾ ನನ್ನ ಮುಖವನ್ನೇ ನೋಡುತ್ತಿರುವುದನ್ನು ಕಂಡು, ಹರಳನ್ನು ತಟ್ಟೆಯ ಅಂಚಿಗೆ ಮೆಲ್ಲನೆ ಇಟ್ಟು, ಇನ್ನೊಂದು ಸೌಟು ಪಲ್ಯ ಹಾಕು ಎಂದೆ.